ಮುಸ್ಸಂಜೆಯ ಸೈಕಲ್ ಸವಾರಿ: ಲೈಟ್ ಬೇಕಿರುವುದು ನಾವು ನೋಡಲಿಕ್ಕೋ, ಬೇರೆಯವರಿಗೆ ಕಾಣಲಿಕ್ಕೋ?

"ರಸ್ತೆಯಲ್ಲಿ ಬೀದಿದೀಪ ಉರೀತಾ ಇರುತ್ತಲ್ಲ, ಸೈಕಲ್‌ಗೆ ಬೇರೆ ಲೈಟ್ ಯಾಕೆ?" ಇದು ತುಂಬಾ ಸಲ ಕೇಳಿಬರುವ ಮಾತು. ಇದರ ಜೊತೆಗೆ ಇನ್ನೂ ಕೆಲವು ನಂಬಿಕೆಗಳಿವೆ. ಲುಮೆನ್ ಜಾಸ್ತಿ ಇದ್ದಷ್ಟೂ ಒಳ್ಳೆಯದು, ಮಿನುಗುವ ಲೈಟ್ ಒಂದಿದ್ದರೆ ಸಾಕು, ಹಳೆಯ ಸಿಡಿ ಕಟ್ಟಿದರೆ ರಿಫ್ಲೆಕ್ಟರ್ ಆಗುತ್ತದೆ, ಹಸಿರು ಮಿಶ್ರಿತ ಹಳದಿ ಜಾಕೆಟ್ ಹಾಕಿದರೆ ರಾತ್ರಿಯೂ ಕಾಣುತ್ತೇವೆ. ಇವುಗಳಲ್ಲಿ ಕೆಲವು ಅರ್ಧ ನಿಜ, ಕೆಲವು ಪೂರ್ತಿ ತಪ್ಪು.

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ಪ್ರತಿ ವರ್ಷ ಪ್ರಕಟಿಸುವ ಅಪಘಾತ ವರದಿಯಲ್ಲಿ ಒಂದು ವಿಷಯ ವರ್ಷದಿಂದ ವರ್ಷಕ್ಕೆ ಬದಲಾಗುವುದಿಲ್ಲ. ದಿನದ 24 ಗಂಟೆಗಳಲ್ಲಿ ಅತಿ ಹೆಚ್ಚು ಅಪಘಾತಗಳು ನಡೆಯುವುದು ಸಂಜೆ 6ರಿಂದ 9ರ ನಡುವೆ. ಒಟ್ಟು ಅಪಘಾತಗಳಲ್ಲಿ ಸುಮಾರು ಐದನೇ ಒಂದು ಭಾಗ ಈ ಮೂರು ಗಂಟೆಗಳಲ್ಲೇ ಆಗುತ್ತದೆ. ವಾಹನ ದಟ್ಟಣೆ, ದಣಿವು, ಅವಸರ ಎಲ್ಲವೂ ಇದಕ್ಕೆ ಕಾರಣ, ಬೆಳಕೊಂದೇ ಅಲ್ಲ. 2022ರಲ್ಲಿ ದೇಶದಲ್ಲಿ ಪ್ರಾಣ ಕಳೆದುಕೊಂಡ ಸೈಕಲ್ ಸವಾರರ ಸಂಖ್ಯೆ ನಾಲ್ಕು ಸಾವಿರಕ್ಕೂ ಹೆಚ್ಚು. ನಮ್ಮಲ್ಲಿ ಮುಸ್ಸಂಜೆ ಹೊತ್ತಿಗೆ ಸೈಕಲ್ ತುಳಿಯುವವರು ಬಹುಪಾಲು ಹವ್ಯಾಸಕ್ಕೆ ತುಳಿಯುವವರಲ್ಲ. ಗಾರೆ ಕೆಲಸ ಮುಗಿಸಿ ಮನೆಗೆ ಹೊರಟವರು, ಡೈರಿಗೆ ಹಾಲು ಹಾಕುವವರು, ಟ್ಯೂಷನ್ ಮುಗಿಸಿದ ಮಕ್ಕಳು. ಸೈಕಲ್ ಲೈಟಿನ ಬಗ್ಗೆ ಬರುವ ಸಲಹೆಗಳು ಮಾತ್ರ ಹೆಚ್ಚಾಗಿ ದುಬಾರಿ ಸೈಕಲ್ ಇರುವವರನ್ನೇ ಮನಸ್ಸಿನಲ್ಲಿಟ್ಟು ಬರೆದವು.

ಮುಸ್ಸಂಜೆಯಲ್ಲಿ ಕಣ್ಣಿಗೆ ಏನಾಗುತ್ತದೆ?

ನಮ್ಮ ಕಣ್ಣಿನ ಹಿಂಪರದೆಯಲ್ಲಿ ಎರಡು ಬಗೆಯ ಬೆಳಕಿನ ಕೋಶಗಳಿವೆ. ಶಂಕು ಕೋಶಗಳು ಹಗಲಿನಲ್ಲಿ ಕೆಲಸ ಮಾಡುತ್ತವೆ, ಬಣ್ಣ ಮತ್ತು ಸೂಕ್ಷ್ಮ ವಿವರ ಅವುಗಳಿಂದಲೇ. ಕಂಬಿ ಕೋಶಗಳು ಮಂದ ಬೆಳಕಿಗೆ, ಅವುಗಳಿಗೆ ಬಣ್ಣ ಗೊತ್ತಾಗುವುದಿಲ್ಲ. ಮುಸ್ಸಂಜೆ ಎಂದರೆ ಒಂದು ತಂಡ ಪಾಳಿ ಮುಗಿಸುತ್ತಿರುವ, ಇನ್ನೊಂದು ತಂಡ ಇನ್ನೂ ಪೂರ್ತಿ ಕೆಲಸಕ್ಕೆ ಬಂದಿರದ ಹೊತ್ತು. ಕಂಬಿ ಕೋಶಗಳು ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ಎದುರಿನಿಂದ ಒಂದು ಹೈಬೀಮ್ ಬಡಿದರೆ ಆ ಹೊಂದಾಣಿಕೆ ಕೆಡುತ್ತದೆ.

ಯುರೋಪಿನ ಬೇಸಿಗೆಯಲ್ಲಿ ಸೂರ್ಯ ಮುಳುಗಿದ ಮೇಲೂ ಬೆಳಕು ತುಂಬಾ ಹೊತ್ತು ಉಳಿದಿರುತ್ತದೆ. ಸಮಭಾಜಕಕ್ಕೆ ಹತ್ತಿರವಿರುವ ಕರ್ನಾಟಕದಲ್ಲಿ ಹಾಗಲ್ಲ. ಬೆಂಗಳೂರಿನಲ್ಲಿ ಸೂರ್ಯ ಮುಳುಗಿ 20-25 ನಿಮಿಷದೊಳಗೆ ಕತ್ತಲು ಇಳಿಯುತ್ತದೆ. ಹೊರಡುವಾಗ ಬೆಳಕಿತ್ತು, ಐದು ಕಿಲೋಮೀಟರ್ ತುಳಿಯುವಷ್ಟರಲ್ಲಿ ಇಲ್ಲ. ನವೆಂಬರ್ ಕೊನೆಯಲ್ಲಿ ಸೂರ್ಯ 6 ಗಂಟೆಗೂ ಮೊದಲೇ ಮುಳುಗುವುದರಿಂದ, ಜೂನ್‌ನಲ್ಲಿ ಬೆಳಕಿನಲ್ಲಿ ಮನೆ ಸೇರುತ್ತಿದ್ದವರು ಅದೇ ಸಮಯಕ್ಕೆ ಹೊರಟರೂ ಕತ್ತಲೆಯಲ್ಲಿ ಸಿಕ್ಕಿಕೊಳ್ಳುತ್ತಾರೆ.

ಇನ್ನೊಂದು ವಿಚಿತ್ರವಿದೆ. ಬೆಳಕು ಇಳಿದಂತೆ ಕಣ್ಣಿನ ಸಂವೇದನೆ ಕೆಂಪಿನಿಂದ ನೀಲಿ-ಹಸಿರಿನ ಕಡೆಗೆ ಜಾರುತ್ತದೆ. 19ನೇ ಶತಮಾನದಲ್ಲಿ ಚೆಕ್ ವಿಜ್ಞಾನಿ ಪುರ್ಕಿಂಜೆ ಇದನ್ನು ಗುರುತಿಸಿದ. ಹಗಲಿನಲ್ಲಿ ಕಣ್ಣಿಗೆ ರಾಚುವ ದಾಸವಾಳ ಸಂಜೆ ಹೊತ್ತಿಗೆ ಕಪ್ಪಾಗಿ ಕಾಣುವುದು, ಅದರ ಎಲೆಗಳೇ ಹೂವಿಗಿಂತ ತಿಳಿಯಾಗಿ ಕಾಣುವುದು ಇದೇ ಕಾರಣಕ್ಕೆ. ಹಿತ್ತಲಲ್ಲಿ ಗಿಡವಿದ್ದರೆ ನೀವೇ ನೋಡಬಹುದು. ಹಾಗಾಗಿ "ಕೆಂಪು ಅಂಗಿ ಹಾಕಿದ್ದೇನೆ, ಎದ್ದು ಕಾಣುತ್ತೇನೆ" ಎಂಬ ಲೆಕ್ಕ ಸಂಜೆಗೆ ಕೆಲಸಕ್ಕೆ ಬಾರದು. ಹಾಗಾದರೆ ಸೈಕಲ್‌ನ ಹಿಂದೆ ಕೆಂಪು ದೀಪ ಯಾಕೆ? ಅಂಗಿಗೆ ಸ್ವಂತ ಬೆಳಕಿಲ್ಲ, ದೀಪಕ್ಕಿದೆ. ದೀಪದ ಕೆಂಪು ಶಂಕು ಕೋಶಗಳನ್ನು ಎಚ್ಚರಿಸುವಷ್ಟು ಪ್ರಖರ. ಜೊತೆಗೆ ಕೆಂಪು ಎಂದರೆ ವಾಹನದ ಹಿಂಭಾಗ, ಬಿಳಿ ಎಂದರೆ ಮುಂಭಾಗ ಎಂಬುದು ಎಲ್ಲ ಚಾಲಕರ ತಲೆಯಲ್ಲಿ ಕೂತಿರುವ ಪಾಠ. ಹಿಂದೆ ಬಿಳಿ ಅಥವಾ ನೀಲಿ ಲೈಟ್ ಹಾಕಿದರೆ ನೀವು ಎದುರಿಗೆ ಬರುತ್ತಿದ್ದೀರೋ ಮುಂದೆ ಹೋಗುತ್ತಿದ್ದೀರೋ ಎಂದು ಚಾಲಕ ಒಂದು ಕ್ಷಣ ಯೋಚಿಸಬೇಕಾಗುತ್ತದೆ.

ಆ ಒಂದು ಕ್ಷಣದ ಬೆಲೆ ಎಷ್ಟು? ಕಾರು 60 ಕಿಲೋಮೀಟರ್ ವೇಗದಲ್ಲಿದೆ, ನೀವು 15ರಲ್ಲಿ ಅದೇ ದಿಕ್ಕಿಗೆ ಹೋಗುತ್ತಿದ್ದೀರಿ ಎಂದುಕೊಳ್ಳಿ. ನಡುವಿನ ಅಂತರ ಸೆಕೆಂಡಿಗೆ 12.5 ಮೀಟರ್‌ನಂತೆ ಕರಗುತ್ತದೆ. ಚಾಲಕನಿಗೆ ನೀವು 100 ಮೀಟರ್ ದೂರದಿಂದ ಕಂಡರೆ ಅವನಿಗೆ 8 ಸೆಕೆಂಡ್ ಸಿಗುತ್ತದೆ. 30 ಮೀಟರ್‌ನಲ್ಲಿ ಕಂಡರೆ 2.4 ಸೆಕೆಂಡ್. ಅದರಲ್ಲಿ ನೋಡಿ, ಅರ್ಥ ಮಾಡಿಕೊಂಡು, ಬ್ರೇಕ್ ಮೇಲೆ ಕಾಲಿಡಲು ಒಂದೂವರೆ ಸೆಕೆಂಡ್ ಹೋಗುತ್ತದೆ. ಉಳಿದದ್ದು ಒಂದು ಸೆಕೆಂಡಿಗಿಂತ ಕಡಿಮೆ.

ಬೀದಿದೀಪದ ವಿಷಯಕ್ಕೆ ಬಂದರೆ, ಅದು ರಸ್ತೆಯನ್ನು ಬೆಳಗುತ್ತದೆ, ನಿಮ್ಮನ್ನು ಬೇರ್ಪಡಿಸಿ ತೋರಿಸುವುದಿಲ್ಲ. ಎರಡು ಕಂಬಗಳ ನಡುವಿನ ನೆರಳಿನಲ್ಲಿ ಕಪ್ಪು ಬಟ್ಟೆಯ ಸವಾರ ಹಿನ್ನೆಲೆಯಲ್ಲಿ ಕರಗಿಹೋಗುತ್ತಾನೆ. ನಿಮಗೆ ಕಾರಿನ ಹೆಡ್‌ಲೈಟ್ ಅರ್ಧ ಕಿಲೋಮೀಟರ್ ದೂರದಿಂದಲೇ ಕಾಣುವುದರಿಂದ ಅವರಿಗೂ ನೀವು ಕಾಣುತ್ತೀರಿ ಎಂದು ಅನಿಸುತ್ತದೆ. ಬಹುಶಃ ಇದೇ ಎಲ್ಲಕ್ಕಿಂತ ಅಪಾಯದ ನಂಬಿಕೆ.

ಲುಮೆನ್ ಎಂಬ ದೊಡ್ಡ ಸಂಖ್ಯೆ

ಆನ್‌ಲೈನ್ ಅಂಗಡಿಗಳಲ್ಲಿ "10,000 ಲುಮೆನ್" ಎಂದು ಬರೆದ ಬೆರಳುದ್ದದ ಲೈಟ್‌ಗಳು ಸಿಗುತ್ತವೆ. ಇದನ್ನು ನಂಬಬೇಕೇ ಎಂದು ತಿಳಿಯಲು ಲ್ಯಾಬ್ ಬೇಕಿಲ್ಲ. ಇಂಥ ಲೈಟ್‌ಗಳಲ್ಲಿನ ಒಳ್ಳೆಯ ಎಲ್‌ಇಡಿ ಒಂದು ವಾಟ್ ವಿದ್ಯುತ್ತಿಗೆ ಸುಮಾರು 100ರಿಂದ 150 ಲುಮೆನ್ ಬೆಳಕು ಕೊಡುತ್ತದೆ. 10,000 ಲುಮೆನ್‌ಗೆ ಕಡಿಮೆಯೆಂದರೂ 65-70 ವಾಟ್ ಬೇಕು. ಅಷ್ಟು ಶಾಖವನ್ನು ಆ ಪುಟ್ಟ ಡಬ್ಬಿ ತಡೆಯುವುದಿಲ್ಲ. ಬ್ಯಾಟರಿಯ ಲೆಕ್ಕವೂ ಹಾಗೇ. 1,200 ಎಂಎಎಚ್ ಲಿಥಿಯಂ ಬ್ಯಾಟರಿಯಲ್ಲಿ ಇರುವುದು ಸುಮಾರು 4.4 ವಾಟ್-ಗಂಟೆ ಶಕ್ತಿ. ಅದರಿಂದ 1,000 ಲುಮೆನ್ ಉರಿಸಿದರೆ ಅರ್ಧ ಗಂಟೆಯ ಆಸುಪಾಸಿನಲ್ಲಿ ಖಾಲಿ. "1,000 ಲುಮೆನ್, 10 ಗಂಟೆ" ಎಂದು ಬರೆದಿದ್ದರೆ ಎರಡರಲ್ಲಿ ಒಂದು ಸುಳ್ಳು. ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದಿರುವ 18650 ಎಂಬ ಸೆಲ್ ಮೇಲೆ 9,900 ಎಂಎಎಚ್ ಎಂದು ಮುದ್ರಿಸಿದ್ದರೂ ಅಷ್ಟೇ. ಆ ಗಾತ್ರದಲ್ಲಿ ಸಾಮಾನ್ಯವಾಗಿ ಸಿಗುವ ಒಳ್ಳೆಯ ಸೆಲ್‌ಗಳದ್ದೇ 3,500ರ ಆಸುಪಾಸು.

ಲುಮೆನ್ ನಿಜವಾಗಿದ್ದರೂ ಅದು ಪೂರ್ತಿ ಕಥೆಯಲ್ಲ. ಲುಮೆನ್ ಎಂದರೆ ಎಲ್ಲ ದಿಕ್ಕಿಗೂ ಸೇರಿ ಹೊರಬರುವ ಬೆಳಕು. ಅದು ಎಲ್ಲಿ ಬೀಳುತ್ತದೆ ಎಂಬುದು ಲಕ್ಸ್. ಜರ್ಮನಿಯ ರಸ್ತೆ ನಿಯಮದಲ್ಲಿ ಸೈಕಲ್ ಲೈಟನ್ನು ಅಳೆಯುವುದು ಲಕ್ಸ್‌ನಲ್ಲಿ. 10 ಮೀಟರ್ ದೂರದಲ್ಲಿ ಕನಿಷ್ಠ 10 ಲಕ್ಸ್ ಇರಬೇಕು, ಬೆಳಕಿನ ಮೇಲಂಚು ಕತ್ತರಿಸಿದಂತಿರಬೇಕು, ಎದುರಿನವರ ಕಣ್ಣಿಗೆ ಹೊಡೆಯಬಾರದು. ನಮ್ಮಲ್ಲಿ ಸಿಗುವ ಹೆಚ್ಚಿನ ಲೈಟ್‌ಗಳು ಟಾರ್ಚ್‌ನಂತೆ ದುಂಡಗೆ ಬೆಳಕು ಚೆಲ್ಲುತ್ತವೆ, ಅರ್ಧ ಆಕಾಶಕ್ಕೆ ಹೋಗುತ್ತದೆ. ಅಂಥದ್ದನ್ನು ಕೊಂಡಿದ್ದರೆ ಕೆಳಗೆ ಬಾಗಿಸಿ ಕಟ್ಟಿ. ಬೆಳಕಿನ ನಡುಭಾಗ ಹತ್ತು ಮೀಟರ್ ಮುಂದೆ ನೆಲಕ್ಕೆ ಬೀಳಲಿ. ಎದುರಿಗೆ ಬರುವ ಬೈಕಿನವನನ್ನು ಕುರುಡು ಮಾಡಿದರೆ ಅವನು ನಿಮ್ಮ ಮೇಲೆಯೇ ಬರಬಹುದು. ಮೊಬೈಲ್ ಟಾರ್ಚ್‌ಗೂ ಇದೇ ದೋಷ.

ಬರೀ ಕಾಣಿಸಿಕೊಳ್ಳಲು ಬೇಕಾಗುವ ಬೆಳಕು ತೀರಾ ಕಡಿಮೆ. ಬೀದಿದೀಪವಿರುವ ಊರಿನಲ್ಲಿ ಮುಂದೆ 50-100 ಲುಮೆನ್, ಹಿಂದೆ ಅದಕ್ಕಿಂತಲೂ ಕಡಿಮೆ ಸಾಕು. ದೀಪವೇ ಇಲ್ಲದ ಹಳ್ಳಿ ರಸ್ತೆಯ ಗುಂಡಿ ನೋಡಿ ತುಳಿಯಬೇಕಾದರೆ 300ರ ಆಸುಪಾಸು ಬೇಕು. ದುಡ್ಡು ಒಂದೇ ಲೈಟಿಗೆ ಸಾಲುವಂತಿದ್ದರೆ ನನ್ನ ಮಟ್ಟಿಗೆ ಹಿಂದಿನ ಕೆಂಪು ಲೈಟೇ ಮೊದಲು. ಮುಂದೆ ಬರುವುದನ್ನು ನೀವು ನೋಡಿ ಪಕ್ಕಕ್ಕೆ ಸರಿಯಬಹುದು, ಹಿಂದಿನಿಂದ ಬರುವುದನ್ನು ಅಲ್ಲ.

ಮಿನುಗುವುದೋ, ಸ್ಥಿರವೋ?

ದೇಶಗಳೇ ಒಪ್ಪುವುದಿಲ್ಲ. ಜರ್ಮನಿಯಲ್ಲಿ ಸೈಕಲ್‌ಗೆ ಮಿನುಗುವ ದೀಪ ನಿಷಿದ್ಧ. ಬ್ರಿಟನ್‌ನಲ್ಲಿ 2005ರಿಂದ ಅನುಮತಿ ಇದೆ, ನಿಮಿಷಕ್ಕೆ 60ರಿಂದ 240 ಸಲ ಮಿನುಗಬೇಕು. ಮಿನುಗುವ ದೀಪ ಗಮನ ಸೆಳೆಯುತ್ತದೆ, ನಿಜ. ಆದರೆ ದೀಪ ಆರಿದ ಕ್ಷಣಗಳಲ್ಲಿ ಕಣ್ಣಿಗೆ ಹಿಡಿತ ತಪ್ಪುವುದರಿಂದ ಅದು ಎಷ್ಟು ದೂರವಿದೆ, ಯಾವ ಕಡೆ ಸಾಗುತ್ತಿದೆ ಎಂದು ಅಂದಾಜಿಸುವುದು ಕಷ್ಟ. ಮುಸ್ಸಂಜೆಯಲ್ಲಿ ಮಿನುಗು, ಪೂರ್ತಿ ಕತ್ತಲಾದ ಮೇಲೆ ಸ್ಥಿರ ಎಂಬುದು ಸರಳ ದಾರಿ. ಹಿಂದೆ ಎರಡು ಲೈಟ್ ಇದ್ದರೆ ಒಂದೊಂದನ್ನು ಒಂದೊಂದು ರೀತಿ ಇಡಬಹುದು.

ಲೈಟ್ ಹಾಕಿದರೆ ನಿಜಕ್ಕೂ ಅಪಘಾತ ಕಡಿಮೆಯಾಗುತ್ತದೆಯೇ? ಡೆನ್ಮಾರ್ಕ್‌ನ ಓಡೆನ್ಸ್ ನಗರದಲ್ಲಿ 2004-05ರಲ್ಲಿ ಇದನ್ನು ಪರೀಕ್ಷಿಸಿದರು. ಸುಮಾರು 3,800 ಸವಾರರಲ್ಲಿ ಅರ್ಧದಷ್ಟು ಜನರ ಸೈಕಲ್‌ಗೆ ಹಗಲು ರಾತ್ರಿ ತಾನಾಗಿಯೇ ಉರಿಯುವ ಲೈಟ್ ಹಾಕಲಾಯಿತು. ಚಕ್ರಕ್ಕೆ ಕಟ್ಟಿದ ಅಯಸ್ಕಾಂತದಿಂದ ನಡೆಯುವ ಲೈಟ್ ಅದು, ಸ್ವಿಚ್ ಇಲ್ಲ, ಮರೆಯುವ ಪ್ರಶ್ನೆಯೇ ಇಲ್ಲ. ಲೈಟ್ ಇದ್ದವರಲ್ಲಿ ಗಾಯವಾದ ಅಪಘಾತಗಳು ಶೇ. 19ರಷ್ಟು ಕಡಿಮೆ.

ಆದರೆ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಯೂನಿವರ್ಸಿಟಿ ಆಫ್ ಟೆಕ್ನಾಲಜಿಯ ಜೋನ್ ವುಡ್ ಮತ್ತು ಸಂಗಡಿಗರು ರಾತ್ರಿ ಹೊತ್ತು ಮುಚ್ಚಿದ ರಸ್ತೆಯಲ್ಲಿ ನಡೆಸಿದ ಪರೀಕ್ಷೆ ಬೇರೆಯದೇ ಹೇಳುತ್ತದೆ. ಚಾಲಕರು ಕಾರು ಓಡಿಸುತ್ತಾ ಸೈಕಲ್ ಸವಾರ ಎಂದು ಗುರುತಿಸಿದಾಗ ತಿಳಿಸಬೇಕಿತ್ತು. ಕಪ್ಪು ಬಟ್ಟೆಯ ಸವಾರರನ್ನು ಗುರುತಿಸಿದ್ದು ಶೇ. 2 ಸಲ ಮಾತ್ರ. ಫ್ಲೋರೊಸೆಂಟ್ ಜಾಕೆಟ್‌ಗೆ ಶೇ. 15. ರಿಫ್ಲೆಕ್ಟರ್ ಪಟ್ಟಿಯ ಜಾಕೆಟ್‌ಗೆ ಶೇ. 50. ಅದೇ ಜಾಕೆಟ್ ಜೊತೆಗೆ ಕಣಕಾಲು ಮತ್ತು ಮೊಣಕಾಲಿಗೆ ರಿಫ್ಲೆಕ್ಟರ್ ಪಟ್ಟಿ ಕಟ್ಟಿದಾಗ ಶೇ. 90! ಸೈಕಲ್‌ಗೆ ಲೈಟ್ ಇತ್ತೋ ಇಲ್ಲವೋ ಎಂಬುದು ಈ ಗುರುತಿಸುವಿಕೆಯಲ್ಲಿ ವ್ಯತ್ಯಾಸ ಮಾಡಲಿಲ್ಲ.

ಎರಡೂ ಹೇಗೆ ನಿಜವಾಗುತ್ತವೆ? ಲೈಟ್ "ಅಲ್ಲೇನೋ ಇದೆ" ಎಂದು ಹೇಳುತ್ತದೆ. ಆ "ಏನೋ" ಒಬ್ಬ ಮನುಷ್ಯ ಎಂದು ಹೇಳುವುದು ಮೇಲೆ ಕೆಳಗೆ ಆಡುವ ಕಾಲು. ಮನುಷ್ಯ ಚಲನೆಯನ್ನು ಕೆಲವೇ ಚುಕ್ಕೆಗಳಿಂದ ಗುರುತಿಸುವುದರಲ್ಲಿ ನಮ್ಮ ಮಿದುಳು ಬಹಳ ಚುರುಕು. ಕಣಕಾಲಿಗೆ ಕಟ್ಟುವ ರಿಫ್ಲೆಕ್ಟರ್ ಪಟ್ಟಿ, ಪೆಡಲಿನ ಹಳದಿ ರಿಫ್ಲೆಕ್ಟರ್‌ಗಳ ಬೆಲೆ ಲೈಟಿಗಿಂತ ಎಷ್ಟೋ ಕಡಿಮೆ, ಚಾರ್ಜ್ ಮಾಡುವ ಗೋಳೂ ಇಲ್ಲ. ಹೊಸ ಸೈಕಲ್‌ನ ಪೆಡಲ್ ರಿಫ್ಲೆಕ್ಟರ್ ಬಿದ್ದುಹೋದರೆ ಯಾರೂ ಮತ್ತೆ ಹಾಕಿಸುವುದಿಲ್ಲ ಎಂಬುದು ಬೇಸರದ ಸಂಗತಿ.

ಫ್ಲೋರೊಸೆಂಟ್ ಜಾಕೆಟ್ ಮೋಸವೇನಲ್ಲ. ಅದು ಸೂರ್ಯನ ಅತಿನೇರಳೆ ಕಿರಣವನ್ನು ಕಣ್ಣಿಗೆ ಕಾಣುವ ಬೆಳಕಾಗಿ ಬದಲಿಸುತ್ತದೆ, ಆದ್ದರಿಂದ ಹಗಲಿನಲ್ಲಿ, ಸೂರ್ಯಾಸ್ತದ ಹೊತ್ತಿನಲ್ಲಿ ಉರಿಯುವಂತೆ ಕಾಣುತ್ತದೆ. ಹೆಡ್‌ಲೈಟ್‌ನಲ್ಲಿ ಅತಿನೇರಳೆ ಕಿರಣ ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ರಾತ್ರಿ ಅದು ಸಾಧಾರಣ ಬಟ್ಟೆ. ರಿಫ್ಲೆಕ್ಟರ್ ಕೆಲಸವೇ ಬೇರೆ. ರಾತ್ರಿ ಬಸ್ಸಿನ ಬೆಳಕಿಗೆ ಹಸುವಿನ ಕಣ್ಣು ಹೊಳೆಯುವಂತೆ, ಬಂದ ಬೆಳಕನ್ನು ಬಂದ ದಿಕ್ಕಿಗೇ ಕಳಿಸುತ್ತದೆ. ಸಿಡಿ ಹಾಗೆ ಮಾಡುವುದಿಲ್ಲ. ಅದು ಕನ್ನಡಿ, ಸರಿಯಾದ ಒಂದು ಕೋನದಲ್ಲಿ ಮಾತ್ರ ಚಾಲಕನ ಕಣ್ಣಿಗೆ ಹೊಳೆಯುತ್ತದೆ, ಉಳಿದಂತೆ ಬೆಳಕು ಚರಂಡಿ ಕಡೆಗೋ ಆಕಾಶಕ್ಕೋ. ಕೇಂದ್ರ ಸರ್ಕಾರ 2020ರಲ್ಲಿ ಸೈಕಲ್ ರಿಫ್ಲೆಕ್ಟರ್‌ಗಳಿಗೆ ಗುಣಮಟ್ಟದ ಆದೇಶ ಹೊರಡಿಸಿದೆ, ಕೊಳ್ಳುವಾಗ ಐಎಸ್‌ಐ ಗುರುತು ನೋಡಿ. ಆದರೆ ರಿಫ್ಲೆಕ್ಟರ್‌ಗೂ ಮಿತಿಯಿದೆ. ಅಡ್ಡರಸ್ತೆಯಿಂದ ಬರುವ ಕಾರಿನ ಹೆಡ್‌ಲೈಟ್ ನಿಮ್ಮ ಮೇಲೆ ಬೀಳುವವರೆಗೆ ಅದು ಸತ್ತಂತೆ. ಅಲ್ಲಿ ಲೈಟೇ ಬೇಕು.

ಹಳೆಯ ತಲೆಮಾರಿನವರಿಗೆ ಟೈರಿಗೆ ಉಜ್ಜಿ ಉರಿಯುವ ಡೈನಮೋ ನೆನಪಿರುತ್ತದೆ, ದೀಪವಿಲ್ಲದೆ ಹೋದರೆ ಪೊಲೀಸರು ಹಿಡಿಯುತ್ತಿದ್ದುದೂ. ಚಾರ್ಜ್ ಬೇಡದ ಒಳ್ಳೆಯ ವ್ಯವಸ್ಥೆ ಅದು, ಆದರೆ ಸೈಕಲ್ ನಿಂತರೆ ದೀಪವೂ ಆರುತ್ತಿತ್ತು, ಅಂದರೆ ವೃತ್ತದಲ್ಲಿ ಕಾಯುವಾಗ. ಈಗಿನ ಡೈನಮೋ ಲೈಟ್‌ಗಳಲ್ಲಿ ಕೆಪಾಸಿಟರ್ ಇರುವುದರಿಂದ ಕೆಲವು ನಿಮಿಷ ಉರಿಯುತ್ತವೆ.

ಇನ್ನು ಕಟ್ಟುವ ಜಾಗ. ಸೀಟಿನ ಕೆಳಗಿನ ಕಂಬಕ್ಕೆ ಲೈಟ್ ಕಟ್ಟಿ, ಕ್ಯಾರಿಯರ್ ಮೇಲೆ ಹಾಲಿನ ಕ್ಯಾನು, ಹುಲ್ಲಿನ ಹೊರೆ ಅಥವಾ ಶಾಲೆ ಬ್ಯಾಗ್ ಇಟ್ಟರೆ ಲೈಟ್ ಇದ್ದೂ ಇಲ್ಲದಂತೆ. ಹೊರೆ ಸಾಗಿಸುವವರು ಕ್ಯಾರಿಯರ್‌ನ ಕೊನೆಗೆ ಅಥವಾ ಮಡ್‌ಗಾರ್ಡ್‌ಗೆ ಕಟ್ಟಬೇಕು. ಇಳಿಬಿದ್ದ ರೇನ್‌ಕೋಟ್, ದುಪಟ್ಟಾ ಕೂಡ ಲೈಟನ್ನು ಮುಚ್ಚುತ್ತದೆ. ಮಳೆಗಾಲಕ್ಕೆ ಐಪಿಎಕ್ಸ್4 ಎಂದು ಬರೆದಿರುವುದು ಕನಿಷ್ಠ ಬೇಕು. ಕಟ್ಟಿದ ಮೇಲೆ ಮನೆಯವರೊಬ್ಬರನ್ನು ಸೈಕಲ್ ಮೇಲೆ ಕೂರಿಸಿ, ಸಂಜೆ ಏಳು ಗಂಟೆಗೆ ನೂರು ಹೆಜ್ಜೆ ಹಿಂದೆ ನಿಂತು ನೀವೇ ನೋಡಿ. ಧೂಳು ಹಿಡಿದ ಗಾಜು, ಓರೆಯಾದ ಕ್ಲಾಂಪ್, ಮುಚ್ಚಿಹೋದ ದೀಪ ಎಲ್ಲವೂ ಅಲ್ಲಿಂದ ಗೊತ್ತಾಗುತ್ತವೆ.