ಬಂದೂಕು ಯಾರ ಸೊಂಟದಲ್ಲಿ, ಭಯ ಯಾರ ಎದೆಯಲ್ಲಿ?

ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ಲೈಸೆನ್ಸ್ ಇರುವ ವಿದ್ಯಾರ್ಥಿ ಅಂಗಿಯೊಳಗೆ ಪಿಸ್ತೂಲು ಬಚ್ಚಿಟ್ಟುಕೊಂಡು ಸರ್ಕಾರಿ ಯೂನಿವರ್ಸಿಟಿಯ ಕ್ಲಾಸಿಗೆ ಹೋಗಬಹುದು. ಪಾಠ ಮಾಡುವ ಮೇಷ್ಟ್ರು ಬೇಡ ಅನ್ನುವಂತಿಲ್ಲ. ಇದು ಕಾನೂನು. 'ಕ್ಯಾಂಪಸ್ ಕ್ಯಾರಿ' ಅಂತ ಹೆಸರು. ಯೂಟಾ, ಐಡಾಹೊ, ಕಾನ್ಸಾಸ್, ಜಾರ್ಜಿಯಾ, ವೆಸ್ಟ್ ವರ್ಜೀನಿಯಾ ರಾಜ್ಯಗಳಲ್ಲೂ ಸಣ್ಣಪುಟ್ಟ ವ್ಯತ್ಯಾಸಗಳೊಂದಿಗೆ ಇಂಥದ್ದೇ ಕಾನೂನುಗಳಿವೆ.

ನಮ್ಮ ಕೆಲವು ಹುಡುಗರು ಇದನ್ನು ಮೆಚ್ಚಿ ಮಾತಾಡ್ತಿದ್ದಾರೆ. "ಇದೇ ಸರಿ ಅಣ್ಣಾ, ಬಲ ಇಲ್ಲದವನ ಕೈಗೆ ಬಂದೂಕು ಬಂದ್ರೆ ಯಾರೂ ಮುಟ್ಟಲ್ಲ" ಅಂತಾರೆ. ತಮ್ಮಂದಿರೇ, ನಿಮ್ಮ ಸಿಟ್ಟು ಎಲ್ಲಿಂದ ಬರುತ್ತೆ ಅಂತ ನನಗೆ ಗೊತ್ತು. ಅದನ್ನು ಗೇಲಿ ಮಾಡಲ್ಲ. ಆದರೆ ಈ ಕಾನೂನನ್ನು ಒಂದ್ಸಲ ಬಿಚ್ಚಿ ನೋಡೋಣ ಬನ್ನಿ.

ಟೆಕ್ಸಾಸಿನ ಗವರ್ನರ್ ಗ್ರೆಗ್ ಅಬಾಟ್ ಇದಕ್ಕೆ ಸಹಿ ಹಾಕಿದ್ದು 2015ರಲ್ಲಿ. ಜಾರಿಗೆ ಬಂದದ್ದು 2016ರ ಆಗಸ್ಟ್ 1ರಂದು. ಅದು ಎಂಥ ದಿನ ಗೊತ್ತಾ? ಸರಿಯಾಗಿ 50 ವರ್ಷದ ಹಿಂದೆ, 1966ರ ಆಗಸ್ಟ್ 1ರಂದು, ಆಸ್ಟಿನ್ನಿನ ಟೆಕ್ಸಾಸ್ ಯೂನಿವರ್ಸಿಟಿಯ ಗೋಪುರ ಹತ್ತಿದ ಒಬ್ಬ ಮನುಷ್ಯ ಕೆಳಗೆ ಓಡಾಡುತ್ತಿದ್ದವರ ಮೇಲೆ ಗುಂಡಿನ ಮಳೆ ಸುರಿಸಿದ್ದ. ಸತ್ತವರಿಗೆ ತಲೆಬಾಗಬೇಕಾದ ದಿನವೇ ಅದೇ ಅಂಗಳಕ್ಕೆ ಬಂದೂಕು ಬಿಟ್ಟರು.

ಸಮರ್ಥಕರ ವಾದ ಇಷ್ಟು: 2007ರಲ್ಲಿ ವರ್ಜೀನಿಯಾ ಟೆಕ್‌ನಲ್ಲಿ ಒಬ್ಬನೇ 32 ಜನರನ್ನು ಕೊಂದ, ಅಲ್ಲಿ ಇನ್ನೊಬ್ಬರ ಹತ್ತಿರ ಗನ್ ಇದ್ದಿದ್ದರೆ ತಡೆಯಬಹುದಿತ್ತು. ಕೇಳೋಕೆ ಸರಿ ಅನ್ನಿಸುತ್ತೆ. ಆದರೆ ಯುದ್ಧ ಕಂಡವರು ಏನಂದರು? ಬಿನ್ ಲಾಡೆನ್ ಕಾರ್ಯಾಚರಣೆ ನಡೆಸಿದ ಅಡ್ಮಿರಲ್ ವಿಲಿಯಂ ಮೆಕ್‌ರೇವನ್ ಆಗ ಟೆಕ್ಸಾಸ್ ಯೂನಿವರ್ಸಿಟಿ ವ್ಯವಸ್ಥೆಯ ಚಾನ್ಸಲರ್ ಆಗಿದ್ದರು. ಅವರೇ ಈ ಮಸೂದೆ ಬೇಡ ಅಂದರು. ಇಡೀ ಜೀವನ ಬಂದೂಕಿನ ಜೊತೆ ಕಳೆದವರ ಮಾತಿಗೇ ಶಾಸಕರು ಕಿವಿ ಕೊಡಲಿಲ್ಲ.

ಇನ್ನೊಂದು ಚಮತ್ಕಾರ ನೋಡಿ. ಖಾಸಗಿ ಯೂನಿವರ್ಸಿಟಿಗಳಿಗೆ 'ನಮಗೆ ಬೇಡ' ಅನ್ನುವ ಅವಕಾಶವನ್ನು ಅದೇ ಕಾನೂನು ಕೊಟ್ಟಿದೆ. ರೈಸ್, ಬೇಲರ್‌ನಂಥ ದೊಡ್ಡ ಖಾಸಗಿ ಸಂಸ್ಥೆಗಳು ಬೇಡ ಅಂದವು. ಸರ್ಕಾರಿ ಯೂನಿವರ್ಸಿಟಿಗಳಿಗೆ ಆ ಭಾಗ್ಯ ಇಲ್ಲ. ಕೆಲವು ಜಾಗಗಳನ್ನು ಹೊರಗಿಡಬಹುದು, ಅಷ್ಟೇ. ಕಪ್ಪು ಜನರಿಗಾಗಿ ಹುಟ್ಟಿದ ಟೆಕ್ಸಾಸ್ ಸದರ್ನ್, ಪ್ರೈರಿ ವ್ಯೂ ಯೂನಿವರ್ಸಿಟಿಗಳೂ ಸರ್ಕಾರಿಯೇ, ಅವೂ ಒಪ್ಪಲೇಬೇಕು. ಬಂದೂಕು ಅಷ್ಟೊಂದು ರಕ್ಷಣೆ ಕೊಡೋದಾದರೆ ಆಯ್ಕೆ ಇದ್ದವರು ಯಾಕೆ ಬೇಡ ಅಂದರು ಸ್ವಾಮಿ?

ಮೂವರು ಪ್ರೊಫೆಸರುಗಳು ಕೋರ್ಟಿಗೆ ಹೋದರು. ಕ್ಲಾಸಲ್ಲಿ ಯಾರ ಹತ್ತಿರ ಗನ್ ಇದೆಯೋ ಗೊತ್ತಿಲ್ಲದೆ ವಿವಾದದ ವಿಷಯಗಳನ್ನು ಮುಕ್ತವಾಗಿ ಚರ್ಚಿಸೋದು ಹೇಗೆ ಅನ್ನೋದು ಅವರ ವಾದ. 2018ರಲ್ಲಿ ಮೇಲ್ಮನವಿ ಕೋರ್ಟು ಕೇಸನ್ನು ಎತ್ತಿ ಹಾಕಿತು. ನಿಮ್ಮ ಭಯ ಬೇರೆಯವರು ಏನೋ ಮಾಡಬಹುದು ಎಂಬ ಊಹೆ ಮೇಲೆ ನಿಂತಿದೆ, ಅದು ಸಾಲದು ಅನ್ನೋದು ತೀರ್ಪಿನ ಸಾರ.

ಈ ಮಾತು ಎಲ್ಲೋ ಕೇಳಿದ ಹಾಗೆ ಇಲ್ವಾ? "ಏನಾದ್ರೂ ಆಗಿದೆಯೇನ್ರೀ? ಆದ ಮೇಲೆ ಬನ್ನಿ." ಬಹಿಷ್ಕಾರ ಹಾಕ್ತಾರೆ, ಹೊಡೀತಾರೆ ಅಂತ ಸ್ಟೇಷನ್ನಿಗೆ ಹೋದ ನಮ್ಮ ಎಷ್ಟು ಜನಕ್ಕೆ ಈ ಉತ್ತರ ಸಿಕ್ಕಿಲ್ಲ! 'ಯಾರೋ ಬಂದು ಕೊಲ್ಲಬಹುದು' ಅನ್ನೋದೂ ಊಹೆಯೇ. ಬಂದೂಕು ಇಟ್ಟುಕೊಂಡವನ ಊಹೆ ಕಾನೂನಾಯ್ತು, ಪಾಠ ಮಾಡುವವರ ಭಯ ಬರೀ ಊಹೆಯಾಯ್ತು. ಯಾರ ಭಯಕ್ಕೆ ಬೆಲೆ ಇದೆ, ಯಾರ ಭಯಕ್ಕೆ ಇಲ್ಲ ಅನ್ನೋದೇ ಅಸಲಿ ಪ್ರಶ್ನೆ. ಅಲ್ಲಿ ಅದನ್ನು ಬಣ್ಣ ತೀರ್ಮಾನಿಸುತ್ತೆ, ಇಲ್ಲಿ ಜಾತಿ.

ಅಮೆರಿಕದಲ್ಲಿ ಬಂದೂಕಿನ ಹಕ್ಕು ಯಾವತ್ತೂ ಎಲ್ಲರದ್ದಾಗಿರಲಿಲ್ಲ. ಗುಲಾಮಗಿರಿ ಮುಗಿದ 1865ರಲ್ಲೇ ಮಿಸಿಸಿಪ್ಪಿ ರಾಜ್ಯ, ಬಿಡುಗಡೆಯಾದ ಕಪ್ಪು ಜನ ಪರವಾನಗಿ ಇಲ್ಲದೆ ಬಂದೂಕು ಇಟ್ಟುಕೊಳ್ಳಬಾರದು ಅಂತ ಕಾನೂನು ಮಾಡಿತು. 1956ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ಮನೆಗೆ ಬಾಂಬ್ ಬಿತ್ತು. ಅವರು ಪಿಸ್ತೂಲಿನ ಪರವಾನಗಿ ಕೇಳಿದರು, ಕೊಡಲಿಲ್ಲ. 1967ರಲ್ಲಿ ಬ್ಲ್ಯಾಕ್ ಪ್ಯಾಂಥರ್ಸ್ ಬಂದೂಕು ಹಿಡಿದು ಕ್ಯಾಲಿಫೋರ್ನಿಯಾ ಶಾಸನಸಭೆಗೆ ನಡೆದರು. ಅದೇ ವರ್ಷ ಗುಂಡು ತುಂಬಿದ ಬಂದೂಕನ್ನು ಬಹಿರಂಗವಾಗಿ ಒಯ್ಯೋದನ್ನು ನಿಷೇಧಿಸುವ ಮಲ್ಫರ್ಡ್ ಕಾಯ್ದೆಗೆ ಗವರ್ನರ್ ರೊನಾಲ್ಡ್ ರೇಗನ್ ಸಹಿ ಹಾಕಿದರು. ಬಿಳಿಯ ಹಿಡಿದರೆ ಹಕ್ಕು, ಕಪ್ಪು ಮನುಷ್ಯ ಹಿಡಿದರೆ ಅಪಾಯ!

ಹಳೇ ಕತೆ ಅಂತೀರಾ? ಟೆಕ್ಸಾಸ್ ಕಾನೂನು ಜಾರಿಯಾಗೋಕೆ ಒಂದು ತಿಂಗಳೂ ಇರಲಿಲ್ಲ, 2016ರ ಜುಲೈ 6. ಮಿನ್ನೆಸೋಟದಲ್ಲಿ ಪೊಲೀಸರು ಫಿಲಾಂಡೊ ಕ್ಯಾಸ್ಟೀಲ್ ಎಂಬ ಕಪ್ಪು ಮನುಷ್ಯನ ಕಾರು ನಿಲ್ಲಿಸಿದರು. ಅವನಿಗೆ ಗನ್ ಪರವಾನಗಿ ಇತ್ತು. ತನ್ನ ಹತ್ತಿರ ಗನ್ ಇದೆ ಅಂತ ತಾನಾಗಿಯೇ ಹೇಳಿದ. ಪೊಲೀಸಪ್ಪ ಗುಂಡು ಹಾರಿಸಿ ಕೊಂದ. 2017ರಲ್ಲಿ ಆ ಪೊಲೀಸಪ್ಪ ಖುಲಾಸೆ. ಲೈಸೆನ್ಸ್ ಕಾಗದ ಅವನ ಜೀವ ಉಳಿಸಲಿಲ್ಲ.

ನಮ್ಮ ಮಕ್ಕಳ ವಿಷಯಕ್ಕೆ ಬರೋಣ. ಕರ್ನಾಟಕದಿಂದ ಓದೋಕೆ ಟೆಕ್ಸಾಸಿಗೆ ಹೋಗುವವರಲ್ಲಿ ಸರ್ಕಾರಿ ಸ್ಕಾಲರ್‌ಶಿಪ್ ನಂಬಿ ಹೋಗುವ ನಮ್ಮ ಕೇರಿಯ ಮಕ್ಕಳೂ ಇದ್ದಾರೆ. ವಿದ್ಯಾರ್ಥಿ ವೀಸಾದಲ್ಲಿ ಇರುವವರು, ಕೆಲವು ವಿನಾಯಿತಿ ಬಿಟ್ಟರೆ, ಬಂದೂಕು ಇಟ್ಟುಕೊಳ್ಳುವಂತಿಲ್ಲ ಅನ್ನುತ್ತೆ ಅಮೆರಿಕದ ಕೇಂದ್ರ ಕಾನೂನು. ಅಂದರೆ ಪಕ್ಕದವನ ಹತ್ತಿರ ಇರಬಹುದು, ನಮ್ಮ ಹುಡುಗಿಯ ಹತ್ತಿರ ಇರುವಂತಿಲ್ಲ. ಅವಳ ಪಾಲಿಗೆ ಬಂದದ್ದು ಬರೀ ಭಯ.

ಇನ್ನೂ ಒಂದು. ಅಮೆರಿಕದಲ್ಲಿ ಬಂದೂಕಿಗೆ ಸಾಯುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಆತ್ಮಹತ್ಯೆ ಮಾಡಿಕೊಂಡವರು. ಕ್ಯಾಂಪಸ್ಸಿನ ಒಂಟಿತನ, ಅವಮಾನ ಏನು ಮಾಡುತ್ತೆ ಅಂತ ರೋಹಿತ್ ವೇಮುಲನನ್ನು ಕಳೆದುಕೊಂಡ ನಮಗೆ ಯಾರೂ ಪಾಠ ಹೇಳಬೇಕಿಲ್ಲ. ಎದೆ ಒಡೆದ ಮಗುವಿನ ಕೈಗೆಟುಕುವಲ್ಲಿ ಪಿಸ್ತೂಲು ಇಡೋದು ರಕ್ಷಣೆ ಅಲ್ಲ.

"ಹಾಗಾದ್ರೆ ನಮಗೆ ಆತ್ಮರಕ್ಷಣೆ ಬೇಡವಾ?" ಅಂತ ಕೇಳ್ತೀರಿ. ಬೇಕು. ದೌರ್ಜನ್ಯ ತಡೆ ಕಾಯ್ದೆಯ 1995ರ ನಿಯಮಗಳನ್ನು ತೆಗೆದು ಮೂರನೇ ನಿಯಮ ಓದಿ. ಅಗತ್ಯ ಕಂಡರೆ ಎಸ್‌ಸಿ, ಎಸ್‌ಟಿಗಳಿಗೆ ಶಸ್ತ್ರ ಪರವಾನಗಿ ಕೊಡಬಹುದು ಅಂತ ಅಲ್ಲಿದೆ. ಆದರೆ ಅದಕ್ಕೂ ಮೊದಲು ಏನಿದೆ? ದೌರ್ಜನ್ಯ ನಡೆಯುವ ಪ್ರದೇಶ ಗುರುತಿಸಿ, ಅಲ್ಲಿ ಪರಿಶಿಷ್ಟರಲ್ಲದವರ ಪರವಾನಗಿ ರದ್ದು ಮಾಡಿ, ಅವರ ಬಂದೂಕನ್ನು ಸರ್ಕಾರದ ವಶಕ್ಕೆ ತಗೊಳ್ಳಿ, ಅಕ್ರಮ ಬಂದೂಕು ಜಪ್ತಿ ಮಾಡಿ ಅಂತ ಇದೆ. ಮೊದಲು ಬಲಾಢ್ಯನ ಕೈ ಖಾಲಿ ಮಾಡಿ ಅನ್ನುತ್ತೆ ನಮ್ಮ ನಿಯಮ. ಟೆಕ್ಸಾಸ್ ಕಾನೂನು ಬಲಾಢ್ಯನ ಸೊಂಟಕ್ಕೆ ಇನ್ನೊಂದು ಬಾಗಿಲು ತೆರೆಯಿತು. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ನಾವು ಕೇಳಬೇಕಾದ್ದು ಆ ಮೊದಲ ಕೆಲಸವನ್ನ. ನಿಮ್ಮ ತಾಲ್ಲೂಕಿನಲ್ಲಿ ಎಷ್ಟು ಪರವಾನಗಿ ಬಂದೂಕು ಇವೆ, ಯಾರ ಮನೆಯಲ್ಲಿವೆ, ದೌರ್ಜನ್ಯ ಕೇಸಿನ ಆರೋಪಿಗಳ ಪೈಕಿ ಎಷ್ಟು ಜನರ ಪರವಾನಗಿ ರದ್ದಾಗಿದೆ? ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿ. ಯೂನಿವರ್ಸಿಟಿಗಳಲ್ಲಿ ಎಸ್‌ಸಿ, ಎಸ್‌ಟಿ ಸೆಲ್ ಬಾಗಿಲು ತೆರೆದಿದೆಯಾ ನೋಡಿ, ಇಲ್ಲದಿದ್ದರೆ ತೆರೆಸಿ.

ಬಾಬಾಸಾಹೇಬರು 1913ರಲ್ಲಿ ಕೊಲಂಬಿಯಾ ಯೂನಿವರ್ಸಿಟಿಗೆ ಹೋದದ್ದು ಓದೋಕೆ. ಕ್ಲಾಸ್‌ರೂಮ್ ಅಂದರೆ ಬಾಯಿ ಇಲ್ಲದವನಿಗೆ ಬಾಯಿ ಬರುವ ಜಾಗ. ಅಲ್ಲಿ ಎದುರು ಮಾತಾಡುವ ಮುಂಚೆ ಯಾರ ಸೊಂಟದಲ್ಲಿ ಏನಿದೆ ಅಂತ ನೋಡಬೇಕಾದರೆ, ಮೊದಲು ಬಾಯಿ ಮುಚ್ಚೋದು ನಮ್ಮದೇ ಮಕ್ಕಳು.

ಶೇರ್ ಮಾಡಿ. ಒಪ್ಪದವರು ಬೈಯೋದು ಬಿಟ್ಟು ವಾದ ಮಾಡಿ.

ಜೈ ಭೀಮ್.