ನೆಲವೇ ಡೊಂಕಾದಾಗ

ಕುಣಿಯಲಾರದವಳು ನೆಲ ಡೊಂಕೆಂದಳೆಂಬ ಗಾದೆಯನ್ನು ನಮ್ಮ ವಾಚಕರಲ್ಲಿ ಅರಿಯದವರಾರು? ಸೋತವನು ತನ್ನ ಕೊರತೆಯನ್ನು ಮರೆಮಾಡಲು ಸಾಧನವನ್ನೋ ಸ್ಥಳವನ್ನೋ ದೂರುವನೆಂಬುದು ಅದರ ತಾತ್ಪರ್ಯ. ಮನೆಯ ತರುಣನು ರಾತ್ರಿಯ ಊಟಕ್ಕೆ ಮುಖ ಬಿಗಿದುಕೊಂಡು ಬಂದು, "ನಿನ್ನೆಯವರೆಗೆ ಚೆನ್ನಾಗಿದ್ದ ಬಂದೂಕನ್ನು ಇಂದು ಹಾಳುಮಾಡಿಬಿಟ್ಟಿದ್ದಾರೆ" ಎಂದು ಗೊಣಗಿದರೆ, ಹಿರಿಯರು ಈ ಗಾದೆಯನ್ನೇ ಅವನ ಮುಂದಿಡುವುದು ವಾಡಿಕೆ. ಬಂದೂಕೆಂದರೆ ನಿಜವಾದುದಲ್ಲ, ಗಣಕಯಂತ್ರದ ಪರದೆಯ ಮೇಲಿನ ಆಟದ ಬಂದೂಕು. ಆದುದರಿಂದ ಹಿರಿಯರ ನಗುವಿಗೆ ಮತ್ತಷ್ಟು ಅವಕಾಶ. ಆದರೆ ಈ ತಿಂಗಳು ನಾವು ವಾಚಕರಲ್ಲಿ ಕೇಳಬೇಕೆಂದಿರುವುದು ಇಷ್ಟೆ: ಕುಣಿಯುವವಳು ಚೆನ್ನಾಗಿಯೇ ಕುಣಿಯುತ್ತಿರಲು, ಅಂಗಳದ ಒಡೆಯನು ರಾತ್ರೋರಾತ್ರಿ ನೆಲವನ್ನು ನಿಜವಾಗಿಯೇ ಡೊಂಕುಮಾಡಿದ್ದರೆ, ಆಕೆಯ ದೂರನ್ನು ಏನೆನ್ನಬೇಕು?

ಈ ಬಗೆಯ ಆಟಗಳ ಪರಿಚಯವಿಲ್ಲದವರಿಗಾಗಿ ಎರಡು ಮಾತು. ಪಗಡೆಯ ಹಾಸನ್ನಾಗಲಿ ಅಳಿಗುಳಿಮಣೆಯನ್ನಾಗಲಿ ಒಮ್ಮೆ ಕೊಂಡು ತಂದೆವೆಂದರೆ ಅದು ನಮ್ಮದು. ಮಾಡಿದ ಬಡಗಿಯು ಮತ್ತೆ ಬಂದು ಮಣೆಯ ಗುಳಿಗಳನ್ನು ಮುಚ್ಚಲಾರನು. ಆನ್‌ಲೈನ್ ಆಟದ ಸಂಗತಿ ಹಾಗಲ್ಲ. ಹಣ ಕೊಟ್ಟವನು ತನ್ನ ಮನೆಯಲ್ಲಿಯೇ ಕುಳಿತು ಆಡಿದರೂ ಆಟದ ಕಟ್ಟಳೆಗಳು ತಯಾರಕರ ಕೈಯಲ್ಲಿರುತ್ತವೆ. ಅಂತರ್ಜಾಲದ ಮೂಲಕ ಅವರು ಹೊಸ ಪರಿಷ್ಕರಣವೊಂದನ್ನು ಕಳುಹಿಸಿದೊಡನೆ ಒಂದು ಆಯುಧದ ಪೆಟ್ಟು ಕುಗ್ಗಬಹುದು, ಇನ್ನೊಂದರದು ಹೆಚ್ಚಬಹುದು. ಹಳೆಯ ಕಟ್ಟಳೆಯಂತೆಯೇ ಆಡುವೆನೆನ್ನಲು ಆಟಗಾರನಿಗೆ ದಾರಿಯಿಲ್ಲ. ಆಯುಧಗಳ ಬಲಾಬಲಗಳನ್ನು ಹೀಗೆ ತೂಗಿ ಹೊಂದಿಸುವುದಕ್ಕೆ ಬ್ಯಾಲೆನ್ಸ್ ಎನ್ನುತ್ತಾರೆ. ಬಲವನ್ನು ಕುಗ್ಗಿಸುವುದಕ್ಕೆ ಆಟಗಾರರಿಟ್ಟ ಹೆಸರು ನರ್ಫ್. ಮೆತ್ತನೆಯ ಗುಂಡುಗಳನ್ನು ಹಾರಿಸುವ ಮಕ್ಕಳ ಆಟಿಕೆಯ ಬಂದೂಕಿನ ಹೆಸರಿನಿಂದ ಬಂದ ಮಾತದು. ಬಲವನ್ನು ಹೆಚ್ಚಿಸುವುದಕ್ಕೆ ಬಫ್ ಎಂದು ಹೆಸರು.

ಕಟ್ಟಳೆಯನ್ನು ಬದಲಿಸುವುದೇ ತಪ್ಪೆಂದು ನಾವು ಹೇಳುವುದಿಲ್ಲ. 1771ರಲ್ಲಿ ಇಂಗ್ಲೆಂಡಿನ ಚರ್ಟ್ಸಿ ತಂಡದ ವೈಟ್ ಎಂಬ ಕ್ರಿಕೆಟ್ ಆಟಗಾರನು ವಿಕೆಟ್ಟಿನಷ್ಟೇ ಅಗಲವಾದ ಬ್ಯಾಟನ್ನು ಹಿಡಿದು ಹ್ಯಾಂಬಲ್ಡನ್ ತಂಡದ ಎದುರು ಆಡಲಿಳಿದನು. ಎದುರಾಳಿಗಳು ಆಕ್ಷೇಪಿಸಿದರು. ಆ ಬಳಿಕ ಬ್ಯಾಟಿನ ಅಗಲವು ನಾಲ್ಕೂಕಾಲು ಇಂಚನ್ನು ಮೀರಬಾರದೆಂಬ ಕಟ್ಟಳೆ ಹುಟ್ಟಿತು. ಇಂದಿಗೂ ಅದೇ ಅಳತೆ ನಡೆಯುತ್ತಲಿದೆ. ಇಂದಿನ ತರುಣರ ಭಾಷೆಯಲ್ಲಿ ಹೇಳುವುದಾದರೆ ವೈಟನ ಬ್ಯಾಟಿಗೆ ಆದುದು ನರ್ಫೇ ಸರಿ. ಆದರೆ ಅದು ನ್ಯಾಯವೆಂದು ಎಲ್ಲರೂ ಒಪ್ಪುತ್ತಾರೆ. ಏಕೆಂದರೆ ಆ ಬ್ಯಾಟಿನ ಎದುರಿಗೆ ಚೆಂಡನ್ನೆಸೆಯುವ ಮನುಷ್ಯನೊಬ್ಬನಿದ್ದನು, ಒಬ್ಬನ ಅನುಕೂಲವು ಇನ್ನೊಬ್ಬನಿಗೆ ಅನ್ಯಾಯವಾಗುತ್ತಿತ್ತು.

ಈಗ 2024ನೆಯ ಇಸವಿಯ ಒಂದು ಪ್ರಸಂಗವನ್ನು ನೋಡೋಣ. ಸ್ವೀಡನ್ ದೇಶದ ಸ್ಟಾಕ್‌ಹೋಮ್ ನಗರದಲ್ಲಿರುವ ಆರೋಹೆಡ್ ಎಂಬ ಸಂಸ್ಥೆಯು ನಿರ್ಮಿಸಿ, ಸೋನಿ ಕಂಪೆನಿಯು ಪ್ರಕಟಿಸಿದ ಹೆಲ್‌ಡೈವರ್ಸ್ 2 ಎಂಬ ಆಟವು ಆ ವರ್ಷದ ಫೆಬ್ರವರಿ 8ರಂದು ಹೊರಬಂದಿತು. ಹನ್ನೆರಡು ವಾರಗಳೊಳಗೆ 1 ಕೋಟಿ 20 ಲಕ್ಷ ಪ್ರತಿಗಳು ಮಾರಾಟವಾದುವು. ಇದರಲ್ಲಿ ನಾಲ್ವರು ಒಂದು ತಂಡವಾಗಿ ಅನ್ಯಗ್ರಹಗಳಲ್ಲಿ ಇಳಿದು, ದೈತ್ಯಕೀಟಗಳೊಡನೆಯೂ ಯಂತ್ರಸೈನಿಕರೊಡನೆಯೂ ಕಾದಾಡುತ್ತಾರೆ. ಒಬ್ಬನ ಗುಂಡು ಜೊತೆಯವನಿಗೆ ತಗುಲಿದರೂ ಪ್ರಾಣಾಪಾಯವೇ; ಆದುದರಿಂದ ಎಚ್ಚರದಿಂದ ಕೂಡಿ ಆಡುವುದೇ ಇಲ್ಲಿನ ಸೊಗಸು. ವಾಚಕರು ಒಂದಂಶವನ್ನು ವಿಶೇಷವಾಗಿ ಗಮನಿಸಬೇಕು. ಇಲ್ಲಿಯ ಎದುರಾಳಿಗಳನ್ನು ನಡೆಸುವುದು ಯಂತ್ರ. ಒಬ್ಬ ಆಟಗಾರನ ಬಂದೂಕು ಎಷ್ಟೇ ಪ್ರಬಲವಾಗಿರಲಿ, ಅದರಿಂದ ಹ್ಯಾಂಬಲ್ಡನ್ನಿನವರಿಗಾದಂತೆ ಯಾರಿಗೂ ಅನ್ಯಾಯವಾಗದು. ಕೀಟಗಳು ಬಂದು ಆಕ್ಷೇಪವೆತ್ತುವುದಿಲ್ಲ.

ಹೀಗಿದ್ದರೂ ಮಾರ್ಚ್ ತಿಂಗಳ ಮೊದಲ ವಾರದಲ್ಲಿಯೇ ಕತ್ತರಿ ಆಡಿತು. ರೈಲ್‌ಗನ್ ಎಂಬ ಆಯುಧವನ್ನು ಸುರಕ್ಷಿತ ಕ್ರಮದಲ್ಲಿ ಹಾರಿಸಿದಾಗ ಕವಚವನ್ನು ಭೇದಿಸುವ ಅದರ ಶಕ್ತಿಯನ್ನು ಕುಗ್ಗಿಸಲಾಯಿತು. ಬ್ರೇಕರ್ ಎಂಬ ಬಂದೂಕಿನಲ್ಲಿ ಒಮ್ಮೆಗೆ ಹಿಡಿಯುತ್ತಿದ್ದ 16 ತೋಟಾಗಳು 13ಕ್ಕೆ ಇಳಿದುವು. ಅದರ ಹಿಂಬಡಿತವೂ ಹೆಚ್ಚಿತು. ಎಲ್ಲರೂ ಇವೆರಡನ್ನೇ ಹಿಡಿಯುತ್ತಿದ್ದರೆಂಬುದು ನಿಜ. ಆದರೆ ಏಕೆ ಹಿಡಿಯುತ್ತಿದ್ದರು? ಆಟದ ಮೇಲಿನ ಮಟ್ಟಗಳಲ್ಲಿ ಚಾರ್ಜರ್ ಎಂಬ ಕವಚಧಾರಿ ಕೀಟವು ಗೂಳಿಯಂತೆ ನುಗ್ಗಿಬರುತ್ತಿರಲು, ಅದರ ಚಿಪ್ಪನ್ನು ಬೇಗನೆ ಒಡೆಯಬಲ್ಲ ಸಾಧನಗಳು ಕೆಲವೇ ಇದ್ದುವು. ಆಟಗಾರರಿಗೆ ರೈಲ್‌ಗನ್ನು ಊರುಗೋಲಾಗಿತ್ತು. ಕಾಲಿನ ನೋವಿಗೆ ಮದ್ದು ಕೊಡುವ ಮುನ್ನ ವೈದ್ಯನು ಊರುಗೋಲನ್ನು ಕಿತ್ತುಕೊಂಡಂತಾಯಿತು. ಅದೇ ತಿಂಗಳಲ್ಲಿ ಸಂಸ್ಥೆಯವರು ಚಾರ್ಜರಿನ ತಲೆಯನ್ನು ದುರ್ಬಲಗೊಳಿಸಿ ಇತರ ಆಯುಧಗಳಿಗೂ ಕೆಲಸವಿರುವಂತೆ ಮಾಡಿದರು. ಮದ್ದೇನೋ ಬಂದಿತು; ಬಂದ ಕ್ರಮವು ಮಾತ್ರ ಹಿಂದುಮುಂದಾಗಿತ್ತು.

ಆಗಸ್ಟ್ ತಿಂಗಳಲ್ಲಿ ಅಸಮಾಧಾನವು ಉಕ್ಕಿಹರಿಯಿತು. ಆ ತಿಂಗಳ 6ರಂದು ಬಂದ ದೊಡ್ಡ ಪರಿಷ್ಕರಣವು ಹೊಸ ಶತ್ರುಗಳನ್ನೂ ಹತ್ತನೆಯ ಕಠಿನಮಟ್ಟವನ್ನೂ ತಂದಿತು. ಅದರೊಡನೆಯೇ, ಬೆಂಕಿಯುಗುಳುವ ಫ್ಲೇಮ್‌ಥ್ರೋವರಿನ ಜ್ವಾಲೆಯು ಚಾರ್ಜರಿನ ಕಾಲಿನ ಕವಚವನ್ನು ದಾಟಿ ಸುಡುತ್ತಿದ್ದುದು ನಿಂತುಹೋಯಿತು. ಬೆಂಕಿಯ ಗುಂಡುಗಳ ಬ್ರೇಕರ್ ಬಂದೂಕಿಗೆ ಹೆಚ್ಚುವರಿಯಾಗಿ ಸಿಗುತ್ತಿದ್ದ 6 ತೋಟಾಪೆಟ್ಟಿಗೆಗಳು 4 ಆದುವು. ಇದಾದ ಎರಡೇ ದಿನಗಳಲ್ಲಿ ಸಂಸ್ಥೆಯವರು ಬೆಂಕಿಯ ಆಯುಧಗಳದೇ ಒಂದು ಹೊಸ ಕಟ್ಟನ್ನು ಮಾರಾಟಕ್ಕಿಟ್ಟರು! ಅದನ್ನು ಪಡೆಯಲು ಬೇಕಾದ ಆಟದ ನಾಣ್ಯವನ್ನು ಹಣ ಕೊಟ್ಟು ಕೊಳ್ಳಬಹುದು, ಇಲ್ಲವೆ ಗಂಟೆಗಟ್ಟಲೆ ಆಡಿ ಹೆಕ್ಕಿ ಕೂಡಿಸಬಹುದು. ಬೆಂಕಿಯನ್ನು ತಣ್ಣಗಾಗಿಸಿ ಒಲೆಯನ್ನು ಮಾರಲು ಬಂದರೆ ಕೊಳ್ಳುವವನಿಗೆ ಸಿಟ್ಟು ಬಾರದಿರುವುದೇ?

ತಯಾರಕರ ಪಕ್ಷವನ್ನೂ ಕೇಳತಕ್ಕದ್ದು ನ್ಯಾಯ. ಹತ್ತಾರು ಆಯುಧಗಳನ್ನು ಶ್ರಮಪಟ್ಟು ರಚಿಸಿರಲು ಎಲ್ಲರೂ ಒಂದನ್ನೇ ಹಿಡಿದರೆ ಉಳಿದವು ತುಕ್ಕು ಹಿಡಿಯುತ್ತವೆ; ಆಟವು ಏಕರೂಪವಾಗಿ ಬೇಸರ ತರುತ್ತದೆ. ಬೇರೊಂದು ಆಯುಧವನ್ನು ಹಿಡಿದು ಬಂದ ಗೆಳೆಯನನ್ನು ತಂಡದವರೇ ಹೊರಗಟ್ಟುವುದೂ ಉಂಟು. ಇನ್ನು ದುರ್ಬಲವಾದುವನ್ನೆಲ್ಲ ಮೇಲೆತ್ತುತ್ತ ಹೋದರೆ ಶತ್ರುವು ಹುಲ್ಲಿನಂತಾಗಿ ಗೆಲುವಿಗೆ ರುಚಿಯಿರದು. ಇವು ಹುರುಳಿಲ್ಲದ ವಾದಗಳಲ್ಲ. ಆದರೂ ನಮಗೆ ತೋರುವುದೇನೆಂದರೆ, ಔತಣದಲ್ಲಿ ಪಲ್ಯವನ್ನು ಮುಟ್ಟುವವರಿಲ್ಲ, ಎಲ್ಲರೂ ಹೋಳಿಗೆಯನ್ನೇ ಕೇಳುತ್ತಾರೆಂದಾದರೆ, ಬುದ್ಧಿವಂತನಾದ ಅಡಿಗೆಯವನು ಪಲ್ಯಕ್ಕೆ ಒಗ್ಗರಣೆಯನ್ನು ಸರಿಮಾಡುವನಲ್ಲದೆ ಹೋಳಿಗೆಯ ಬೆಲ್ಲವನ್ನು ಕಡಿಮೆಮಾಡುವುದಿಲ್ಲ. ಬೆಲ್ಲ ಕಡಿಮೆಯಾದರೆ ಪಂಕ್ತಿಯಲ್ಲಿ ಸಮತೆಯೇನೋ ಉಂಟಾದೀತು. ಉಣ್ಣುವವರ ಸಂತೋಷವು ಮಾತ್ರ ಉಳಿಯದು.

ಆಟಗಾರರ ವ್ಯಥೆಯ ಮೂಲವು ಇದಕ್ಕಿಂತಲೂ ಆಳವಾದುದು. ಒಂದು ಆಯುಧವನ್ನು ಪಡೆಯಲು ಅವನು ಹಲವು ಸಂಜೆಗಳನ್ನು ವೆಚ್ಚಮಾಡಿರುತ್ತಾನೆ; ಅದರ ಹದವನ್ನರಿತು ಕೈಯನ್ನು ಪಳಗಿಸಿರುತ್ತಾನೆ; ದಿನದ ದುಡಿಮೆಯ ನಂತರ ದೂರದೂರಿನ ಮೂವರು ಗೆಳೆಯರೊಡನೆ ಕಲೆತು ಆಡುವ ಒಂದು ಗಂಟೆಯನ್ನು ಎದುರುನೋಡುತ್ತಿರುತ್ತಾನೆ. ಆ ಕೈಚಳಕವನ್ನು ಅವನಿಗೆ ತಿಳಿಯದಂತೆ ಒಂದು ರಾತ್ರಿಯಲ್ಲಿ ಅಳಿಸಿದಾಗ ಅವನಿಗೆ ಅನ್ನಿಸುವುದು ತೋಟಾಗಳ ನಷ್ಟವಷ್ಟೇ ಅಲ್ಲ. ತಾನು ಆಟಕ್ಕುಂಟು, ಲೆಕ್ಕಕ್ಕಿಲ್ಲ ಎಂಬುದೇ ಅವನನ್ನು ಚುಚ್ಚುತ್ತದೆ. ನಮ್ಮ ಮಕ್ಕಳು ತೀರ ಚಿಕ್ಕವನನ್ನು ಆಟಕ್ಕೆ ಸೇರಿಸಿಕೊಳ್ಳುವಾಗ ಅಕ್ಕರೆಯಿಂದ ಹೇಳುವ ಮಾತನ್ನು, ಹಣ ಕೊಟ್ಟು ಬಂದ ಗೃಹಸ್ಥನಿಗೆ ಹೇಳಿದರೆ ಅದು ಅವಮಾನವಾಗುತ್ತದೆ.

ಆರೋಹೆಡ್ ಸಂಸ್ಥೆಯವರು ಈ ದೂರನ್ನು ಕಡೆಗೆ ಕಿವಿಗೊಟ್ಟು ಕೇಳಿದರೆಂಬುದನ್ನು ಹೇಳದಿದ್ದರೆ ನಮ್ಮ ಲೇಖನವೂ ಪಕ್ಷಪಾತದ್ದಾಗುವುದು. ಆಗಸ್ಟ್ ತಿಂಗಳ ನಡುವಿನಲ್ಲಿಯೇ ಅವರು 60 ದಿನಗಳ ಒಂದು ಯೋಜನೆಯನ್ನು ಪ್ರಕಟಿಸಿ, ಸಮತೋಲನದ ವಿಷಯದಲ್ಲಿ ತಮ್ಮ ಧೋರಣೆಯನ್ನೇ ಮರುಪರಿಶೀಲಿಸುವುದಾಗಿಯೂ, ಬದಲಾವಣೆಗಳ ಕಾರಣವನ್ನು ಇನ್ನು ಮುಂದೆ ವಿವರವಾಗಿ ತಿಳಿಸುವುದಾಗಿಯೂ, ಆಟಗಾರರ ಅಭಿಪ್ರಾಯವನ್ನು ಆಗಾಗ ಕೇಳುವುದಾಗಿಯೂ ಮಾತು ಕೊಟ್ಟರು. ಸೆಪ್ಟೆಂಬರ್ 17ರಂದು ಬಂದ ಪರಿಷ್ಕರಣದಲ್ಲಿ ರೈಲ್‌ಗನ್ನು ಮೊದಲಾದ ಬಹು ಆಯುಧಗಳ ಬಲವು ಏರಿತು. ಜ್ವಾಲೆಯು ಮತ್ತೆ ಸುಡತೊಡಗಿತು. ಶತ್ರುಗಳ ಕವಚಗಳನ್ನು ಒಡೆಯಲು ಹಲವು ದಾರಿಗಳು ತೆರೆದುವು. ಅಕ್ಟೋಬರ್ ತಿಂಗಳಲ್ಲಿ ಇನ್ನೊಂದು ಕಂತು ಬಂದಿತು. ಬಿಟ್ಟುಹೋಗಿದ್ದವರಲ್ಲಿ ಅನೇಕರು ಮರಳಿದರು. ಮುನಿದು ಬರೆದಿದ್ದ ಅಭಿಪ್ರಾಯಗಳನ್ನು ತಿದ್ದಿದವರೂ ಉಂಟು. ಆಟವು ಈಗ ತೀರ ಸುಲಭವಾಯಿತೆಂದು ಗೊಣಗಿದವರೂ ಇಲ್ಲದಿಲ್ಲ. ತಕ್ಕಡಿಯ ಕೆಲಸವೇ ಅಂತಹುದು. ಒಂದೇ ಸಲಕ್ಕೆ ಮುಳ್ಳು ನೆಟ್ಟಗೆ ನಿಲ್ಲುವುದಿಲ್ಲ. ಆದರೆ ತೂಗುವವನು ಗಿರಾಕಿಯ ಕಣ್ಣೆದುರಿಗೆ ತೂಗಿದರೆ ಅರ್ಧ ಜಗಳವು ಅಲ್ಲಿಯೇ ತೀರುತ್ತದೆ.

ತರುಣರಿಗೂ ನಾವು ಒಂದು ಮಾತನ್ನು ಹೇಳಬೇಕಾಗಿದೆ. ದೂರು ನ್ಯಾಯವಾದ ಮಾತ್ರಕ್ಕೆ ದೂರುವ ಬಗೆಯೆಲ್ಲವೂ ನ್ಯಾಯವಾಗದು. ಇಂಥ ಸಂದರ್ಭಗಳಲ್ಲಿ ಕೆಲವರು ಆಟವನ್ನು ರಚಿಸುವ ನೌಕರರಿಗೆ ಬೈಗಳನ್ನೂ ಬೆದರಿಕೆಗಳನ್ನೂ ಕಳುಹಿಸುತ್ತಾರೆ. ಆ ನೌಕರನೂ ಒಬ್ಬರ ಮಗನೋ ಮಗಳೋ ಆಗಿರುವನು. ಅವನಿಗೂ ಸಂಜೆ ಮನೆಗೆ ಹೋಗಿ ಉಣ್ಣುವುದಿದೆ. ಯಾವ ಆಯುಧಕ್ಕೆ ಏನಾಯಿತು, ಯಾವ ಶತ್ರುವಿನೆದುರು ಅದು ಸೋಲುತ್ತಿದೆ, ಏನು ಮಾಡಿದರೆ ಸರಿಯಾದೀತು ಎಂದು ಬಿಡಿಸಿ ಬರೆದ ಒಂದು ಪತ್ರಕ್ಕೆ ಇರುವ ಬಲವು ನೂರು ಬೈಗಳಿಗಿಲ್ಲ.

ಗೃಹಸ್ಥರಾದ ನಮಗೆ ಈ ಪ್ರಸಂಗದಿಂದ ಬರುವ ಪಾಠವೇನೆಂದರೆ, ಮನೆಯೂ ಒಂದು ಬಗೆಯಲ್ಲಿ ಇಂತಹ ಆಟವೇ, ಅದರ ಕಟ್ಟಳೆಗಳು ಹಿರಿಯರ ಕೈಯಲ್ಲಿರುವುವು. ಪರೀಕ್ಷೆಯಲ್ಲಿ ಮೇಲ್ದರ್ಜೆ ಬಂದರೆ ಬೈಸಿಕಲ್ಲು ಕೊಡಿಸುವೆನೆಂದ ತಂದೆಯು, ಮೇಲ್ದರ್ಜೆ ಬಂದ ದಿನ "ಮೊದಲನೆಯ ಸ್ಥಾನವೇ ಬರಬೇಕಿತ್ತು" ಎಂದರೆ, ಹುಡುಗನು ಕಳೆದುಕೊಳ್ಳುವುದು ಬೈಸಿಕಲ್ಲೊಂದನ್ನೇ ಅಲ್ಲ, ತಂದೆಯ ಮಾತಿನ ಮೇಲಿನ ನಂಬಿಕೆಯನ್ನೂ ಸಹ. ಅಣ್ಣನಿಗೆ ಸರಿಸಮನಾಗಿ ತಮ್ಮನು ಓದುತ್ತಿಲ್ಲವೆಂದು ಅಣ್ಣನ ದೀಪವನ್ನು ಆರಿಸುವ ತಾಯಿಯಿಲ್ಲ. ತಮ್ಮನ ಪಕ್ಕದಲ್ಲಿ ತಾನೇ ಕುಳಿತುಕೊಳ್ಳುತ್ತಾಳೆ. ಕಟ್ಟಳೆಯನ್ನು ಬದಲಿಸಲೇಬೇಕಾದ ಸಂದರ್ಭಗಳು ಮನೆಯಲ್ಲಿಯೂ ಬರುವುವು. ಆಗ ಮುಂಚಿತವಾಗಿ ಹೇಳಿ, ಕಾರಣವನ್ನು ತಿಳಿಸಿ, ಪಟ್ಟ ಶ್ರಮಕ್ಕೆ ಬೆಲೆಯನ್ನು ಕೊಟ್ಟರೆ ಮಕ್ಕಳು ಒಪ್ಪದಿರಲಾರರು.

ಆದುದರಿಂದ ಮನೆಯ ತರುಣನು ಇನ್ನೊಮ್ಮೆ ಮುಖ ಬಿಗಿದುಕೊಂಡು ಊಟಕ್ಕೆ ಬಂದರೆ, ಗಾದೆಯನ್ನು ತುಸು ಹೊತ್ತು ತಡೆಹಿಡಿಯೋಣ. ಬಡಿಸುತ್ತ ಬಡಿಸುತ್ತಲೇ ನೆಲವು ಎಲ್ಲಿ, ಎಷ್ಟು ಡೊಂಕಾಗಿದೆಯೆಂದು ಅವನನ್ನೇ ಕೇಳೋಣ. ನಿಜವಾಗಿಯೇ ಡೊಂಕಾಗಿದ್ದರೆ ಅವನ ದುಃಖದಲ್ಲಿ ಒಂದು ತುತ್ತಿನಷ್ಟಾದರೂ ನಾವು ಪಾಲುಗೊಂಡಂತಾಗುವುದು. ಹಾಗಿಲ್ಲದಿದ್ದರೆ ಗಾದೆಯು ಎಲ್ಲಿಗೂ ಓಡಿಹೋಗುವುದಿಲ್ಲ. ಮಜ್ಜಿಗೆಯ ಹೊತ್ತಿಗೆ ಹೇಳಿದರೂ ಆದೀತು.