ಹೊಸ ಹೃದಯಕ್ಕೆ ಹಳೆಯ ಒಕ್ಕಲು

ಮರದ ಮೇಲೆ ಹುಟ್ಟಿ ಮರದ ಸಾರವನ್ನೇ ಹೀರಿ ಬದುಕುವ ಗಿಡಕ್ಕೆ ನಮ್ಮ ಹಳ್ಳಿಗರು ಬಂದಳಿಕೆ ಎನ್ನುತ್ತಾರೆ. ಮಾವಿನ ಕೊಂಬೆಯಲ್ಲಿ ಬಂದಳಿಕೆ ಕಾಣಿಸಿತೋ, ರೈತನು ಆ ಕೊಂಬೆಯನ್ನೇ ಕಡಿದು ಬಿಸುಡುತ್ತಾನೆ, ಮರ ಉಳಿಯುತ್ತದೆ. ಮನುಷ್ಯನ ಒಡಲನ್ನು ಹೊಕ್ಕ ಬಂದಳಿಕೆಗೆ ಈ ಉಪಾಯ ಸಲ್ಲುವುದೇ? ರೋಗಿಯ ಹೃದಯವನ್ನೇ ಕಿತ್ತು, ಅಲ್ಲಿ ಬೇರೊಬ್ಬರ ಆರೋಗ್ಯವಂತ ಹೃದಯವನ್ನಿರಿಸಿದ ಮೇಲೆಯೂ ಹಳೆಯ ಬಂದಳಿಕೆ ಹೊಸ ಕೊಂಬೆಯನ್ನು ಹುಡುಕಿಕೊಂಡು ಬರುವುದುಂಟೆಂದರೆ ವಾಚಕರು ಅಚ್ಚರಿಪಡಬಹುದು. ದಕ್ಷಿಣ ಅಮೆರಿಕದ ವೈದ್ಯರಿಗೆ ಇದು ದಿನನಿತ್ಯದ ಸಮಸ್ಯೆ. ಆ ರೋಗದ ಹೆಸರು ಷಾಗಸ್ ರೋಗ.

ಹೆಸರಿನ ಹಿಂದಿರುವ ವ್ಯಕ್ತಿ ಬ್ರೆಜಿಲ್ ದೇಶದ ವೈದ್ಯ ಕಾರ್ಲೋಸ್ ಷಾಗಸ್. 1907ರಲ್ಲಿ ಮಿನಾಸ್ ಜೆರೈಸ್ ಪ್ರಾಂತದಲ್ಲಿ ರೈಲುದಾರಿ ಹಾಕುತ್ತಿದ್ದ ಕೂಲಿಗಳನ್ನು ಮಲೇರಿಯಾ ಹಿಡಿದು ಕೆಡಹಿತ್ತು. ಅದನ್ನು ತಡೆಯಲೆಂದು ಸರ್ಕಾರ ಕಳುಹಿಸಿದ ಈ ತರುಣನು ಲಸಾಂಸ್ ಎಂಬ ಊರಿನಲ್ಲಿ ರೈಲುಗಾಡಿಯ ಡಬ್ಬಿಯೊಂದರಲ್ಲಿ ತನ್ನ ಪ್ರಯೋಗಶಾಲೆಯನ್ನು ಹೂಡಿದನು. ರೈಲುದಾರಿಯ ಎಂಜಿನಿಯರನೊಬ್ಬ ಒಂದು ದಿನ ಅವನಿಗೆ ಒಂದು ಹುಳುವನ್ನು ತೋರಿಸಿದ. ನಮ್ಮ ತಿಗಣೆಯ ದಾಯಾದಿ ಎನ್ನಬಹುದಾದ, ಆದರೆ ಗಾತ್ರದಲ್ಲಿ ಅದಕ್ಕಿಂತ ಬಹಳ ದೊಡ್ಡದಾದ ಹುಳು. ಬಡವರ ಗುಡಿಸಲಿನ ಮಣ್ಣುಗೋಡೆಯ ಬಿರುಕುಗಳಲ್ಲಿಯೂ ಹುಲ್ಲು ಸೂರಿನಲ್ಲಿಯೂ ಹಗಲೆಲ್ಲ ಅಡಗಿದ್ದು, ದೀಪವಾರಿದ ಮೇಲೆ ಇಳಿದು ಬಂದು, ಹೊದಿಕೆಯ ಹೊರಗೆ ಉಳಿದ ಮುಖವನ್ನು ಕಚ್ಚುವುದು ಅದರ ರೂಢಿ. ಆದ್ದರಿಂದ ಜನ ಅದಕ್ಕೆ ‘ಬಾರ್ಬೇರೊ’, ಎಂದರೆ ಕ್ಷೌರಿಕ, ಎಂದು ಹೆಸರಿಟ್ಟಿದ್ದರು. ಹಳ್ಳಿಯ ಜನರ ನಾಮಕರಣದಲ್ಲಿ ವಿಜ್ಞಾನಿಗಳಿಗೆ ಬಾರದ ಒಂದು ವಿನೋದವಿರುತ್ತದೆ!

ಷಾಗಸನು ಆ ಹುಳುವಿನ ಕರುಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದಾಗ ಬಾಲವುಳ್ಳ ಒಂದು ಸೂಕ್ಷ್ಮಜೀವಿ ಕಂಡಿತು. ತನ್ನ ಗುರು ಓಸ್ವಾಲ್ಡೊ ಕ್ರೂಸ್ ಅವರ ಗೌರವಾರ್ಥವಾಗಿ ಅದಕ್ಕೆ ‘ಟ್ರಿಪನೊಸೋಮ ಕ್ರೂಸಿ’ ಎಂದು ಹೆಸರಿಟ್ಟನು. ಗುರುದಕ್ಷಿಣೆಯಾಗಿ ರೋಗಾಣುವನ್ನು ಕೊಟ್ಟ ಶಿಷ್ಯರು ಪುರಾಣದಲ್ಲಿಯೂ ಇಲ್ಲ. 1909ರ ಏಪ್ರಿಲ್ 14ರಂದು ಜ್ವರದಿಂದ ನರಳುತ್ತಿದ್ದ ಬೆರೆನಿಸ್ ಎಂಬ ಎರಡು ವರ್ಷದ ಹೆಣ್ಣುಮಗುವಿನ ರಕ್ತದಲ್ಲಿ ಅದೇ ಜೀವಿಯನ್ನು ಕಂಡನು. ಹುಳು, ರೋಗಾಣು, ರೋಗ, ಈ ಮೂರನ್ನೂ 30 ತುಂಬದ ಒಬ್ಬನೇ ಮನುಷ್ಯ ಕಂಡುಹಿಡಿದದ್ದು ವೈದ್ಯಶಾಸ್ತ್ರದಲ್ಲಿ ಅಪೂರ್ವ. ನೊಬೆಲ್ ಬಹುಮಾನಕ್ಕೆ ಆತನ ಹೆಸರು ಸೂಚಿತವಾಯಿತಾದರೂ ಬಹುಮಾನ ಬರಲಿಲ್ಲ. ಸ್ವದೇಶದ ವೈದ್ಯರಲ್ಲಿಯೇ ಕೆಲವರು ಇಂತಹ ರೋಗವಿದೆಯೆಂಬುದನ್ನೇ ಶಂಕಿಸಿದರು.

ಹುಳುವಿನ ಕಡಿತದಿಂದಲೇ ರೋಗ ಬರುವುದಿಲ್ಲ. ರಕ್ತ ಕುಡಿದ ಹುಳು ಅಲ್ಲಿಯೇ ಮಲವಿಸರ್ಜನೆ ಮಾಡುತ್ತದೆ. ರೋಗಾಣು ಇರುವುದು ಆ ಮಲದಲ್ಲಿ. ತುರಿಕೆಯಾಗಿ ನಿದ್ದೆಗಣ್ಣಿನಲ್ಲಿ ಕೆರೆದುಕೊಂಡವನು ತನ್ನ ಕೈಯಿಂದಲೇ ಅದನ್ನು ಗಾಯದೊಳಕ್ಕೆ, ಇಲ್ಲವೆ ಕಣ್ಣಿನೊಳಕ್ಕೆ, ಒರಸಿಕೊಳ್ಳುತ್ತಾನೆ. ಆಹಾರದ ಮೂಲಕವೂ ಬರುವುದುಂಟು: 2005ರಲ್ಲಿ ಬ್ರೆಜಿಲಿನ ಸಾಂತಾ ಕತರೀನಾ ಪ್ರಾಂತದಲ್ಲಿ ಹುಳು ಬಿದ್ದು ಅರೆದುಹೋದ ಕಬ್ಬಿನ ಹಾಲನ್ನು ಕುಡಿದ ಹಲವರಿಗೆ ರೋಗ ತಗುಲಿ ಕೆಲವರು ಮೃತರಾದರು. ಮೊದಲಿಗೆ ಕೆಲವು ವಾರಗಳ ಜ್ವರ. ಅದೂ ಎಷ್ಟೋ ಮಂದಿಗೆ ತಿಳಿಯುವಷ್ಟು ಬರುವುದಿಲ್ಲ. ಆಮೇಲೆ ಹತ್ತು, ಇಪ್ಪತ್ತು, ಮೂವತ್ತು ವರ್ಷಗಳ ಮೌನ. ರೋಗಾಣುವಾದರೋ ಸತ್ತಿರುವುದಿಲ್ಲ, ಬಾಲವನ್ನು ಕಳಚಿ, ದುಂಡಗಾಗಿ, ಸ್ನಾಯುವಿನ ಕಣಗಳೊಳಗೆ ಗೂಡು ಕಟ್ಟಿಕೊಂಡಿರುತ್ತದೆ. ಸೋಂಕು ತಗುಲಿದವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಕಾಲಾಂತರದಲ್ಲಿ ಹೃದಯ ಕೆಡುತ್ತದೆ. ಮಿಡಿತದ ಆಜ್ಞೆಯನ್ನು ಒಯ್ಯುವ ತಂತುಗಳು ಮುರಿದು ಲಯ ತಪ್ಪುತ್ತದೆ. ಹೃದಯದ ತುದಿ ತೆಳುವಾಗಿ ಬುಗ್ಗೆಯಂತೆ ಉಬ್ಬುತ್ತದೆ. ಅಲ್ಲಿ ಹೆಪ್ಪುಗಟ್ಟಿದ ರಕ್ತ ಮಿದುಳಿಗೆ ಏರಿ ಪಾರ್ಶ್ವವಾಯುವನ್ನು ತರುತ್ತದೆ. ಬಾಲ್ಯದಲ್ಲಿ ಗುಡಿಸಲಿನಲ್ಲಿ ಮಲಗಿದ ತಪ್ಪಿಗೆ ನಲವತ್ತರ ಪ್ರಾಯದಲ್ಲಿ ತೆರುವ ದಂಡವಿದು.

ಹೃದಯ ಪೂರ್ತಿ ಸೋತಾಗ ಉಳಿಯುವ ದಾರಿ ಹೃದಯ ಬದಲಾವಣೆಯೊಂದೇ. ದಕ್ಷಿಣ ಆಫ್ರಿಕದಲ್ಲಿ ಬರ್ನಾರ್ಡರು 1967ರ ಡಿಸೆಂಬರಿನಲ್ಲಿ ಅದನ್ನು ಮೊದಲು ಮಾಡಿದರು. ಆರು ತಿಂಗಳೊಳಗೆ, 1968ರ ಮೇ ತಿಂಗಳಿನಲ್ಲಿ, ಬ್ರೆಜಿಲಿನ ಜೆರ್ಬಿನಿಯವರು ಸಾವೊ ಪೌಲೊ ನಗರದಲ್ಲಿ ಮಾಡಿದರು. ಆದರೆ ಷಾಗಸ್ ರೋಗಿಗಳಿಗೆ ಈ ಬಾಗಿಲು ಬಹುಕಾಲ ಮುಚ್ಚಿಯೇ ಇತ್ತು. ಕಾರಣ ಸರಳ. ಪರರ ಹೃದಯವನ್ನು ದೇಹವು ಶತ್ರುವೆಂದು ಎಣಿಸಿ ತಿರಸ್ಕರಿಸುತ್ತದೆ. ಹಾಗಾಗದಂತೆ ದೇಹದ ಕಾವಲು ಪಡೆಯನ್ನು ಔಷಧಗಳಿಂದ ಮಲಗಿಸಬೇಕು. ಕಾವಲುಗಾರ ಮಲಗಿದರೆ ಮೂವತ್ತು ವರ್ಷ ಅವನಿಗಂಜಿ ಅಡಗಿದ್ದ ಕಳ್ಳನಿಗೆ ಹಬ್ಬವಲ್ಲವೆ? ಹಳೆಯ ಹೃದಯ ಹೋದರೂ ಇತರ ಸ್ನಾಯುಗಳಲ್ಲಿ, ಕರುಳಿನಲ್ಲಿ, ರಕ್ತದಲ್ಲಿ ಉಳಿದ ರೋಗಾಣುಗಳು ಹೊರಟು ಬಂದು ಹೊಸ ಮನೆಯಲ್ಲಿ ಒಕ್ಕಲಾಗುತ್ತವೆ.

ನಿಜವಾದ ತೊಡಕು ಇರುವುದು ಇದರ ಮುಂದೆ. ಶಸ್ತ್ರಚಿಕಿತ್ಸೆಯಾಗಿ ಕೆಲವು ತಿಂಗಳಿಗೆ ರೋಗಿಗೆ ಜ್ವರ ಬಂದಿತು, ಹೃದಯ ದುರ್ಬಲವಾಯಿತು ಎನ್ನೋಣ. ಇದು ತಿರಸ್ಕಾರವೋ, ರೋಗಾಣುವಿನ ಮರುಕಳಿಕೆಯೋ? ವೈದ್ಯನು ಕೊರಳಿನ ರಕ್ತನಾಳದ ಮೂಲಕ ಸಣ್ಣ ಇಕ್ಕುಳವನ್ನು ಹೃದಯಕ್ಕೆ ಇಳಿಸಿ ಮಾಂಸದ ಚೂರೊಂದನ್ನು ತೆಗೆದು ನೋಡುತ್ತಾನೆ. ಎರಡರಲ್ಲಿಯೂ ಅದೇ ಉರಿಯೂತ, ಅದೇ ಬಿಳಿಯ ರಕ್ತಕಣಗಳ ಮುತ್ತಿಗೆ! ಚಿತ್ರ ಒಂದೇ, ಮದ್ದು ಮಾತ್ರ ಒಂದಕ್ಕೊಂದು ವಿರುದ್ಧ. ತಿರಸ್ಕಾರವಾದರೆ ಕಾವಲನ್ನು ಇನ್ನಷ್ಟು ಮಲಗಿಸಬೇಕು. ಮರುಕಳಿಕೆಯಾದರೆ ರೋಗಾಣುವನ್ನು ಕೊಲ್ಲುವ ಔಷಧ ಕೊಟ್ಟು, ಸಾಧ್ಯವಾದಷ್ಟು ಕಾವಲನ್ನು ಎಬ್ಬಿಸಬೇಕು. ಒಂದನ್ನು ಇನ್ನೊಂದೆಂದು ಬಗೆದರೆ ಮದ್ದೇ ಮೃತ್ಯುವಾದೀತು. ಮಾಂಸದ ಚೂರಿನಲ್ಲಿ ರೋಗಾಣುವಿನ ಗೂಡು ಸಿಕ್ಕಿದರೆ ಸಂಶಯವಿಲ್ಲ. ಆದರೆ ಅಷ್ಟು ಸಣ್ಣ ಚೂರಿನಲ್ಲಿ ಗೂಡು ಸಿಗಲೇಬೇಕೆಂಬ ನಿಯಮವೆಲ್ಲಿದೆ? ಚರ್ಮದ ಮೇಲೆ ಏಳುವ ಗಂಟುಗಳು ಕೆಲವೊಮ್ಮೆ ಗುಟ್ಟನ್ನು ಬಯಲುಮಾಡುತ್ತವೆ. ಈಚೆಗೆ ರಕ್ತದಲ್ಲಿ ರೋಗಾಣುವಿನ ವಂಶಧಾತುವನ್ನೇ ಹುಡುಕುವ ಪರೀಕ್ಷೆಯಿಂದ, ಹೃದಯ ಕೆಡುವ ಮೊದಲೇ ಸುಳಿವು ಸಿಗುತ್ತಿದೆ.

1980ರ ದಶಕದಲ್ಲಿ ಬ್ರೆಜಿಲಿನ ವೈದ್ಯರು ಧೈರ್ಯಮಾಡಿ ಷಾಗಸ್ ರೋಗಿಗಳಿಗೂ ಹೃದಯ ಬದಲಾಯಿಸತೊಡಗಿದರು. ಆರಂಭದಲ್ಲಿ ಮರುಕಳಿಕೆ ಹೆಚ್ಚಾಗಿತ್ತು. ಕಾವಲು ಮಲಗಿಸುವ ಔಷಧಗಳ ಪ್ರಮಾಣವನ್ನು ಇಳಿಸುತ್ತ ಬಂದಂತೆ ಅದು ತಗ್ಗಿತು. ಯಾವ ಔಷಧವೆಂಬುದೂ ಮುಖ್ಯವೆಂದು ಕಂಡಿತು. ಮೈಕೊಫೆನೊಲೇಟ್ ಪಡೆದವರಿಗಿಂತ ಹಳೆಯ ಅಜಥಯೊಪ್ರಿನ್ ಪಡೆದವರಲ್ಲಿ ಮರುಕಳಿಕೆ ಕಡಮೆಯೆಂದು ಸಾವೊ ಪೌಲೊದ ವೈದ್ಯರು 2005ರಲ್ಲಿ ವರದಿ ಮಾಡಿದರು. ಬೆನ್ಸ್‌ನಿಡಜೋಲ್, ನಿಫುರ್ಟಿಮಾಕ್ಸ್ ಎಂಬೆರಡು ಔಷಧಗಳು ಮರುಕಳಿಸಿದ ರೋಗವನ್ನು ಹತ್ತಿಕ್ಕುತ್ತವೆ. ಮೊದಲು ಬಾಗಿಲಿನಿಂದಲೇ ಹಿಂದಿರುಗಿಸಲ್ಪಡುತ್ತಿದ್ದ ಈ ರೋಗಿಗಳು, ಹೃದಯ ಬದಲಾದ ಮೇಲೆ ಇತರ ಹೃದ್ರೋಗಿಗಳಷ್ಟೇ ಚೆನ್ನಾಗಿ ಬಾಳುತ್ತಿದ್ದಾರೆ. ಬಡತನದ ರೋಗವೆಂಬ ಕಾರಣಕ್ಕೆ ಈ ಪ್ರಯತ್ನ ಇನ್ನೂ ಹತ್ತು ವರ್ಷ ತಡವಾಗಿದ್ದರೂ ಲೋಕದಲ್ಲಿ ಯಾರೂ ಕೇಳುತ್ತಿರಲಿಲ್ಲವೆಂಬುದು ನನ್ನ ಗುಮಾನಿ. ಅದೇ ಬೆನ್ಸ್‌ನಿಡಜೋಲ್ ಹೃದಯ ಕೆಟ್ಟ ಮೇಲೆ ರೋಗದ ಗತಿಯನ್ನು ತಡೆಯಲಾರದೆಂದು 2015ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯೊಂದು ತೋರಿಸಿತು; ಆದ್ದರಿಂದ ಬದಲಾವಣೆಯ ಅಗತ್ಯ ತಪ್ಪಿಲ್ಲ.

ಕಳ್ಳನು ಬರುವ ದಾರಿ ಇನ್ನೊಂದಿದೆ: ದಾನವಾಗಿ ಬಂದ ಅಂಗದೊಳಗೇ ಕುಳಿತು ಬರುವುದು. 2001ರಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ, ಮಧ್ಯ ಅಮೆರಿಕದಿಂದ ವಲಸೆ ಬಂದಿದ್ದ ಒಬ್ಬ ಮೃತ ದಾನಿಯ ಅಂಗಗಳನ್ನು ಮೂವರಿಗೆ ಜೋಡಿಸಲಾಯಿತು: ಒಬ್ಬರಿಗೆ ಮೂತ್ರಪಿಂಡ ಮತ್ತು ಮೇದೋಜೀರಕ ಗ್ರಂಥಿ, ಇನ್ನೊಬ್ಬರಿಗೆ ಯಕೃತ್ತು, ಮತ್ತೊಬ್ಬರಿಗೆ ಇನ್ನೊಂದು ಮೂತ್ರಪಿಂಡ. ಮೂವರಿಗೂ ಸೋಂಕು ತಗುಲಿತು. ಮೊದಲನೆಯ ಮಹಿಳೆಗೆ ಜ್ವರ ಬಂದಾಗ ರಕ್ತದ ಹನಿಯಲ್ಲಿ ರೋಗಾಣು ಈಜಾಡುತ್ತಿತ್ತು. ಔಷಧ ಕೊಟ್ಟರೂ ಅದೇ ವರ್ಷ ಆಕೆ ತೀರಿಕೊಂಡರು. ಮರಣಕ್ಕೆ ಕಾರಣ ಹೃದಯದ ಉರಿಯೂತ. ಆಕೆ ಪಡೆದದ್ದು ಹೃದಯವನ್ನಲ್ಲ ಎಂಬುದನ್ನು ವಾಚಕರು ಗಮನಿಸಬೇಕು. ಬಂದ ಅತಿಥಿ ಎಲ್ಲಿ ಇಳಿದರೂ ಕೊನೆಗೆ ತನಗೆ ಪ್ರಿಯವಾದ ಕೋಣೆಯನ್ನೇ ಸೇರಿತು. 2006ರಲ್ಲಿ ಲಾಸ್ ಏಂಜಲೀಸಿನಲ್ಲಿ ಹೃದಯ ಪಡೆದ ಇಬ್ಬರಿಗೆ ಹೀಗೆಯೇ ಆಯಿತು. ಮರುವರ್ಷದ ಆರಂಭದಿಂದ ಆ ದೇಶದ ರಕ್ತನಿಧಿಗಳು ದಾನದ ರಕ್ತದಲ್ಲಿ ಈ ರೋಗಾಣುವನ್ನು ಹುಡುಕತೊಡಗಿದವು.

ನಮ್ಮ ದೇಶದಲ್ಲಿ ಈ ರೋಗ ನೆಲಸಿಲ್ಲ. ಆದರೆ 1994ರಲ್ಲಿ ದೆಹಲಿಯಲ್ಲಿ ವೇಣುಗೋಪಾಲರಿಂದ ಮೊದಲಾಗಿ ಹೃದಯ ಬದಲಾವಣೆ ನಮ್ಮಲ್ಲಿಯೂ ನಡೆದಿದೆ. ಇಲ್ಲಿಯ ವೈದ್ಯರು ಎದುರುನೋಡಬೇಕಾದದ್ದು ಇದರ ಸೋದರಸಂಬಂಧಿಯಂತಿರುವ ಟಾಕ್ಸೊಪ್ಲಾಸ್ಮವನ್ನು. ಬೆಕ್ಕಿನ ಮಲದಿಂದಲೋ ಬೇಯದ ಮಾಂಸದಿಂದಲೋ ಬಂದು ಹೃದಯದ ಸ್ನಾಯುವಿನಲ್ಲಿ ಮಲಗುವ ಜೀವಿ ಅದು. ಅದೃಷ್ಟವಶಾತ್, ಬೇರೊಂದು ಶ್ವಾಸಕೋಶದ ಸೋಂಕನ್ನು ತಡೆಯಲು ಕೊಡುವ ಅಗ್ಗದ ಕೋಟ್ರೈಮೊಕ್ಸಜೋಲ್ ಗುಳಿಗೆಯೇ ಇದನ್ನೂ ತಡೆಯುತ್ತದೆ.

ಬೆರೆನಿಸಳ ಮಾತು ಉಳಿಯಿತು. ಷಾಗಸನು 1934ರಲ್ಲಿ ತೀರಿಕೊಂಡನು. ಅವನ ಮೊದಲ ರೋಗಿ ಎಪ್ಪತ್ತು ದಾಟಿ ಬಾಳಿದಳು. 1962ರಲ್ಲೊಮ್ಮೆ, 1978ರಲ್ಲೊಮ್ಮೆ ವೈದ್ಯರು ಆಕೆಯ ರಕ್ತವನ್ನು ಪರೀಕ್ಷಿಸಿ ಟ್ರಿಪನೊಸೋಮವನ್ನು ಜೀವಂತವಾಗಿ ಹೊರತೆಗೆದರು. ಆಕೆಯ ಹೃದಯಕ್ಕೆ ಮಾತ್ರ ಆ ರೋಗ ತಾಕಿರಲಿಲ್ಲ.